ಸಂಪಾದಕರ ಉತ್ತರ: ತಡ ಯಾಕೆ ಎಂದಿರಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ತಮ್ಮನಿಗೆ ಡಯಾಲಿಸಿಸ್. ಅದಕ್ಕೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಎರಡು ಸಲ ಕಟ್ಟಿಕೊಂಡಿತು. ಚರ್ಮದ ಕೋಶವನ್ನು ಆಕರಕೋಶ (ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಮಾಡಿ, ಅದರಿಂದ ರಕ್ತನಾಳದ ಸ್ನಾಯು ಬೆಳೆಸುತ್ತಾರೆ ಎಂದು ನಿಮ್ಮಲ್ಲೇ ಓದಿದೆ. ಮತ್ತೆ ತಡ ಯಾಕೆ? ಒಂದು ಕ್ಲಿನಿಕ್‌ನವರು ಎರಡು ಲಕ್ಷ ಕೊಟ್ಟರೆ ಈಗಲೇ ಆಕರಕೋಶದ ಇಂಜೆಕ್ಷನ್ ಎನ್ನುತ್ತಿದ್ದಾರೆ."

ನಿಮ್ಮ ಅವಸರ ನ್ಯಾಯದ್ದೇ. ಜಪಾನಿನ ವಿಜ್ಞಾನಿ ಯಮನಾಕಾ 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನು ನಾಲ್ಕೇ ಜೀನ್‌ಗಳಿಂದ ಆಕರಕೋಶವಾಗಿಸಿದರು, 2012ರಲ್ಲಿ ನೊಬೆಲ್ ಬಂತು. ಸರಿ. ಆದರೆ ನನ್ನದೊಂದು ಹಳೇ ಹಟವಿದೆ: ಹೆಸರು ಬಂದ ಮಾತ್ರಕ್ಕೆ ಕಸುಬು ಬರುವುದಿಲ್ಲ.

ರಕ್ತನಾಳದ ಗೋಡೆಯಲ್ಲಿದ್ದು ಅದನ್ನು ಹಿಂಡುವ ಈ ನಯಸ್ನಾಯು ಕೋಶ ಬಲು ಮೊಂಡು. ಹಿಂಡುವಾಗ ಹೆಚ್ಚು ಮರಿ ಹಾಕದು, ಮರಿ ಹಾಕುವಾಗ ಹಿಂಡದು. ನಾಳ ಕಟ್ಟಲು ಕೋಟಿಗಟ್ಟಲೆ ಬೇಕೆಂದು ಬೆಳೆಸಿದಿರೋ, ಹಿಂಡುವುದನ್ನೇ ಮರೆತು ಕೂರುತ್ತದೆ. ಟಿಜಿಎಫ್-ಬೀಟಾ ಎಂಬ ಸಂಕೇತದ ಪ್ರೋಟೀನ್ ಕೊಟ್ಟು ದಾರಿಗೆ ತರಬೇಕು. ಹಿಂಡುವ ಪ್ರೋಟೀನಾದ ಆಕ್ಟಿನ್ ಕಂಡಿತೆಂದು ಕುಣಿಯುವಂತಿಲ್ಲ, ಗಾಯ ಮಾಯಿಸುವ ಕೋಶದಲ್ಲೂ ಅದುಂಟು. ನಯಸ್ನಾಯುವಿನದೇ ಆದ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಬರಬೇಕು, ಆಮೇಲೆ ಕುಗ್ಗಿ ತೋರಿಸಬೇಕು. ಒಮ್ಮೆ ಗೆಳೆಯರ ಲ್ಯಾಬಿನಲ್ಲಿ ಈ ಕೋಶಗಳಿದ್ದ ಕೊಲಾಜೆನ್ ಪ್ರೋಟೀನಿನ ಬಿಲ್ಲೆ ನೋಡಿದ್ದೆ. ಸಂಜೆ ಎಂಟಾಣೆಯಷ್ಟಗಲ ಇದ್ದದ್ದು ಮರುದಿನ ನಾಲ್ಕಾಣೆಯಷ್ಟಾಗಿತ್ತು. ಕಾಫಿ ಆರಿದ್ದೂ ಗೊತ್ತಾಗಲಿಲ್ಲ.

ಅಮೆರಿಕದ ವಿಜ್ಞಾನಿ ಲಾರಾ ನಿಕ್ಲಾಸನ್ 1999ರಲ್ಲಿ ದನದ ಸ್ನಾಯುಕೋಶಗಳನ್ನು ಕರಗುವ ನೂಲಿನ ಕೊಳವೆಯ ಮೇಲೆ ಬಿತ್ತಿ, ನಿಮಿಷಕ್ಕೆ 165 ಮಿಡಿತದಂತೆ ಎಂಟು ವಾರ ಮಿಡಿಸಿದರು. ಗರ್ಭದ ಮಗುವಿನ ಎದೆಬಡಿತದಂಥ ಲಯ ಅದು. ಆ ದಾರಿಯಲ್ಲೇ ಬಂದ ನಾಳಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ, ಅದೂ ಕೈಕಾಲಿನ ನಾಳ ಹರಿದ ಗಾಯಕ್ಕೆ. ತಮಾಷೆ ನೋಡಿ, ಅದರಲ್ಲಿ ಆಕರಕೋಶವೇ ಇಲ್ಲ! ದಾನಿಗಳ ಸ್ನಾಯುಕೋಶ ಬೆಳೆಸಿ, ಕೊನೆಗೆ ಕೋಶವನ್ನೆಲ್ಲ ತೊಳೆದು ಬರೀ ಹಂದರ ಉಳಿಸಿಕೊಳ್ಳುತ್ತಾರೆ. ಅಷ್ಟಕ್ಕೇ ಇಪ್ಪತ್ತೈದು ವರ್ಷ.

ನಮ್ಮ ಪತ್ರಿಕೆಗಳಿಗೋ ಎಲ್ಲವೂ 'ಶೀಘ್ರದಲ್ಲೇ'. ಇಲಿಗೆ ವಾಸಿಯಾದರೆ ಮುಖಪುಟ, ಮನುಷ್ಯನಿಗೆ ಆಗದಿದ್ದರೆ ಒಳಪುಟದಲ್ಲೂ ಜಾಗವಿಲ್ಲ. ನಾವೂ ಆ ಪಾಪದಲ್ಲಿ ಪಾಲುದಾರರು. ಆ ಖಾಲಿ ಜಾಗದಲ್ಲೇ ನಿಮ್ಮ ಕ್ಲಿನಿಕ್‌ನಂಥವು ಬೋರ್ಡು ನೆಟ್ಟಿವೆ. ಮೇಷ್ಟ್ರಾಗಿದ್ದವರು, ನೀವೇ ಆ ಬೋರ್ಡು ನಂಬಿದರೆ ಹೇಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಆಕರಕೋಶ ಮಾರ್ಗಸೂಚಿಯಲ್ಲೇ ಇದೆ: ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ. ಪ್ರಯೋಗಕ್ಕೆ ಒಡ್ಡಿಕೊಳ್ಳುವವನೇ ದುಡ್ಡು ಕೊಡುವುದು ಯಾವ ಊರ ನ್ಯಾಯ?

ಆ ಎರಡು ಲಕ್ಷ ಬ್ಯಾಂಕಿನಲ್ಲೇ ಇರಲಿ. ತಮ್ಮ ದಿನಾ ಬೆಳಿಗ್ಗೆ ಫಿಸ್ಟುಲಾದ ಮೇಲೆ ಬೆರಳಿಟ್ಟು ಆ ಝುಂ ಅನ್ನುವುದು ಇದೆಯೇ ನೋಡಿಕೊಳ್ಳಲಿ. ನಿಂತಿದ್ದರೆ ನಾಳೆ ಎನ್ನದೆ ಅವತ್ತೇ ಡಯಾಲಿಸಿಸ್ ಡಾಕ್ಟರ ಬಳಿ ಕರೆದೊಯ್ಯಿರಿ.