ರೂಟ್ ಆದ ಫೋನು, ಹತ್ತದ ಸಿಮ್ಮು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ ಗೂಗಲ್ ಪಿಕ್ಸೆಲ್ 7 ಫೋನ್ ಇದೆ. ಕುತೂಹಲಕ್ಕೆಂದು ಅದರ ಬೂಟ್‌ಲೋಡರ್ (ಫೋನ್ ಚಾಲೂ ಆಗುವಾಗ ಸಾಫ್ಟ್‌ವೇರನ್ನು ಪರೀಕ್ಷಿಸಿ ಓಡಿಸುವ ಭಾಗ) ಅನ್‌ಲಾಕ್ ಮಾಡಿ, ಮ್ಯಾಜಿಸ್ಕ್ ಎಂಬ ಆ್ಯಪ್ ಮೂಲಕ ರೂಟ್ ಮಾಡಿಕೊಂಡೆ, ಎಂದರೆ ಫೋನಿನ ಪೂರ್ಣ ಅಧಿಕಾರ ಪಡೆದುಕೊಂಡೆ. ಅನಂತರ ಕಂಪನಿಯ ಸಾಫ್ಟ್‌ವೇರ್ ತೆಗೆದು ಗೂಗಲ್ ಆ್ಯಪ್‌ಗಳಿಲ್ಲದ ಕಸ್ಟಮ್ ರಾಮ್ (ಬೇರೆಯವರು ಸಿದ್ಧಪಡಿಸಿದ ಆಂಡ್ರಾಯ್ಡ್) ಒಂದನ್ನು ಹಾಕಿದೆ. ಈಗ ಪ್ಲಾಸ್ಟಿಕ್ ಸಿಮ್ ಬಿಟ್ಟು ಇ-ಸಿಮ್‌ಗೆ ಬದಲಾಯಿಸಲು ಹೋದರೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಪುಟವೇ ತೆರೆಯುವುದಿಲ್ಲ. ರೂಟ್ ಆದ ಫೋನನ್ನು ನೆಟ್‌ವರ್ಕ್ ಗುರುತಿಸಿ ತಿರಸ್ಕರಿಸುತ್ತದೆ, ಮೂಲ ಸಾಫ್ಟ್‌ವೇರ್ ಮತ್ತೆ ಹಾಕಿ ಎಂದು ಮಳಿಗೆಯವರು ಹೇಳುತ್ತಾರೆ. ಇದು ನಿಜವೇ? ಮೂಲ ಸಾಫ್ಟ್‌ವೇರ್‌ಗೆ ಮರಳುವ ಸುರಕ್ಷಿತ ಕ್ರಮ ಯಾವುದು?
– ಓದುಗರು, ದಾವಣಗೆರೆ

ಉತ್ತರ: ಮಳಿಗೆಯವರು ಹೇಳಿದ ಕಾರಣ ಸರಿಯಲ್ಲ, ಆದರೆ ಅವರು ಸೂಚಿಸಿದ ಪರಿಹಾರ ನಿಮ್ಮ ಮಟ್ಟಿಗೆ ಸರಿಯಾಗಿಯೇ ಇದೆ. ಮೊಬೈಲ್ ಗೋಪುರಕ್ಕೆ ನಿಮ್ಮ ಫೋನ್ ರೂಟ್ ಆಗಿದೆಯೇ ಎಂದು ತಿಳಿಯುವ ದಾರಿಯಿಲ್ಲ. ಅದು ನೋಡುವುದು ಸಿಮ್‌ನೊಳಗಿನ ಗುರುತನ್ನು ಮತ್ತು ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ಎಂಬ ಗುರುತಿನ ಸಂಖ್ಯೆಯನ್ನು. ಸಿಮ್‌ನ ಗುಪ್ತ ಕೀಲಿ ಸಿಮ್‌ನಲ್ಲೇ ಇರುತ್ತದೆ. ಗೋಪುರದೊಡನೆ ಮಾತಾಡುವ ಮೋಡೆಮ್‌ಗೆ ಆಂಡ್ರಾಯ್ಡ್‌ನಿಂದ ಪ್ರತ್ಯೇಕವಾದ ತನ್ನದೇ ಸಾಫ್ಟ್‌ವೇರ್ ಇರುತ್ತದೆ. ಮ್ಯಾಜಿಸ್ಕ್ ಬದಲಾಯಿಸುವುದು ಫೋನ್ ಚಾಲೂ ಆಗುವಾಗ ಮೊದಲು ಓದುವ ಬೂಟ್ ಇಮೇಜ್ ಎಂಬ ಚಿಕ್ಕ ಭಾಗವನ್ನು ಮಾತ್ರ. ನಿಮ್ಮ ಪಿಕ್ಸೆಲ್ 7ರಲ್ಲಿ ಅದರ ಹೆಸರು ಇನಿಟ್ ಬೂಟ್. ಇದರಿಂದ ಸಿಮ್ ಹತ್ತುವುದಕ್ಕೆ ಏನೂ ಅಡ್ಡಿಯಿಲ್ಲ.

ಅಡ್ಡಿಯಾಗಿರುವುದು ಕಸ್ಟಮ್ ರಾಮ್. ಇ-ಸಿಮ್ ಎಂದರೆ ಫೋನಿನ ಒಳಗೇ ಬೆಸೆದಿರುವ ಚಿಪ್ ಆದರೂ, ಅದರೊಳಕ್ಕೆ ಕಂಪನಿಯ ಪ್ರೊಫೈಲ್ ಇಳಿಸಿಕೊಳ್ಳುವ ಕೆಲಸವನ್ನು ಆಂಡ್ರಾಯ್ಡ್ ಕಡೆಯ ಒಂದು ವ್ಯವಸ್ಥಾಪಕ ಆ್ಯಪ್ ಮಾಡಬೇಕಾಗುತ್ತದೆ, ಮತ್ತು ಪಿಕ್ಸೆಲ್‌ನಲ್ಲಿ ಆ ಆ್ಯಪ್ ಗೂಗಲ್‌ನದು. ಗೂಗಲ್‌ನ ಭಾಗಗಳನ್ನು ಕಳಚಿಟ್ಟ ರಾಮ್‌ನಲ್ಲಿ ಅದೂ ಹೋಗಿರುತ್ತದೆ. ಆದ್ದರಿಂದಲೇ ಪುಟ ತೆರೆಯುತ್ತಿಲ್ಲ. ಹಳೆಯ ಓದುಗರಿಗೆ ನೆನಪಿರಬಹುದು: 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದಾಗ ಕಸ್ಟಮ್ ರಾಮ್ ಹಾಕಿಕೊಂಡಿದ್ದ ಬಹಳ ಮಂದಿಗೆ ಇಂಟರ್‌ನೆಟ್ ಓಡುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಜಿಯೊಗೆ 2ಜಿ, 3ಜಿ ಜಾಲಗಳೇ ಇಲ್ಲದ ಕಾರಣ ಕರೆಗಳೆಲ್ಲ ವಿಒಎಲ್‌ಟಿಇ, ಎಂದರೆ 4ಜಿ ಜಾಲದ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆಯ ಮೂಲಕವೇ ಹೋಗಬೇಕು. ಅದಕ್ಕೆ ಬೇಕಾದ ಭಾಗವನ್ನು ಫೋನ್ ತಯಾರಕರು ತಮ್ಮ ಸಾಫ್ಟ್‌ವೇರ್‌ನಲ್ಲಿ ಇಟ್ಟಿರುತ್ತಾರೆ, ರಾಮ್ ಬದಲಾದಾಗ ಅದು ಕಳೆದುಹೋಗುತ್ತದೆ. ನಿಮ್ಮ ಇ-ಸಿಮ್ ತೊಂದರೆಯೂ ಅದೇ ಜಾತಿಯದು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಫೋನಿನಲ್ಲಿ ಏನನ್ನು ಬದಲಾಯಿಸಲಾಗಿದೆ ಎಂದು ವಿಂಗಡಿಸಿಕೊಳ್ಳುವುದು. ಕಂಪನಿಯ ಸಾಫ್ಟ್‌ವೇರ್ ಹಾಗೆಯೇ ಇದ್ದು ಬರೀ ರೂಟ್ ಆಗಿರುವವರು ಇಡೀ ಫೋನನ್ನು ಅಳಿಸಬೇಕಾಗಿಲ್ಲ. ಮ್ಯಾಜಿಸ್ಕ್ ಆ್ಯಪ್‌ನಲ್ಲಿಯೇ ಅನ್‌ಇನ್‌ಸ್ಟಾಲ್ ಒತ್ತಿದರೆ ಮೂಲ ಬೂಟ್ ಇಮೇಜ್ ಮರಳಿ ಕೂರಿಸುವ ಆಯ್ಕೆ ಸಿಗುತ್ತದೆ. ಫೋಟೊ, ಸಂದೇಶ ಯಾವುದೂ ಹೋಗುವುದಿಲ್ಲ. ಇದು ತಿಳಿಯದೆ ಎಲ್ಲವನ್ನೂ ಅಳಿಸಿ ಕೂರುವವರೇ ಹೆಚ್ಚು. ನಿಮ್ಮದು ಆ ಹಂತ ದಾಟಿರುವುದರಿಂದ ಪೂರ್ತಿ ಸಾಫ್ಟ್‌ವೇರನ್ನೇ ಮತ್ತೆ ಹಾಕಬೇಕು.

ಫೋಟೊ ಮತ್ತು ವಾಟ್ಸ್‌ಆ್ಯಪ್ ಮಾತುಕತೆಗಳ ಪ್ರತಿಯನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಮರೆಯುವುದು ಎರಡು ಹಂತದ ಲಾಗಿನ್‌ಗೆ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅನ್ನು. ಅದರ ಖಾತೆಗಳನ್ನು ಇನ್ನೊಂದು ಫೋನಿಗೆ ಮೊದಲೇ ವರ್ಗಾಯಿಸಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಬೇರೊಂದು ಸಾಧನದಲ್ಲಿ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಅಳಿಸಿದ ಫೋನ್ ಹಳೆಯ ಖಾತೆಯನ್ನೇ ಮತ್ತೆ ಕೇಳಬಹುದು.

ಮುಂದಿನ ಕೆಲಸಕ್ಕೆ ಕಂಪ್ಯೂಟರ್, ಕ್ರೋಮ್ ಬ್ರೌಸರ್ ಮತ್ತು ಬರೀ ಚಾರ್ಜ್ ಮಾಡುವುದಲ್ಲದೆ ಡೇಟಾವನ್ನೂ ಸಾಗಿಸುವ ಒಳ್ಳೆಯ ಯುಎಸ್‌ಬಿ ಕೇಬಲ್ ಸಾಕು. ಗೂಗಲ್ ತನ್ನ ಫೋನುಗಳಿಗೆ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್ ಎಂಬ ಸೌಲಭ್ಯವನ್ನು ಕೊಟ್ಟಿದೆ. ಅದು ಬ್ರೌಸರ್‌ನಲ್ಲಿಯೇ ನಡೆಯುತ್ತದೆ. ಫೋನಿನಲ್ಲಿ ಕಂಪ್ಯೂಟರ್‌ನ ಆಜ್ಞೆಗಳನ್ನು ಒಪ್ಪುವಂತೆ ಮಾಡುವ ಯುಎಸ್‌ಬಿ ಡಿಬಗ್ಗಿಂಗ್ ಆಯ್ಕೆಯನ್ನು ತೆರೆದು ಜೋಡಿಸಿದರೆ ಮಾದರಿಯನ್ನು ಅದೇ ಗುರುತಿಸಿ, ಹೊಂದುವ ಆವೃತ್ತಿಗಳನ್ನು ತೋರಿಸುತ್ತದೆ. ಅವುಗಳಲ್ಲಿ ತೀರಾ ಹೊಸ ಸಾರ್ವಜನಿಕ ಆವೃತ್ತಿಯನ್ನು ಆರಿಸಿ, ಹಳೆಯದಕ್ಕೆ ಆಸೆಪಡಬೇಡಿ. ಬೂಟ್‌ಲೋಡರ್‌ನಲ್ಲಿ ಹಿಂದಕ್ಕೆ ಹೋಗದಂತೆ ತಡೆ ಇರುವ ಸಂದರ್ಭಗಳಿವೆ: 2022ರಲ್ಲಿ ಪಿಕ್ಸೆಲ್ 6 ಸರಣಿಗೆ ಆಂಡ್ರಾಯ್ಡ್ 13 ಬಂದಾಗ, ಅದನ್ನು ಹಾಕಿಕೊಂಡವರು ಆಂಡ್ರಾಯ್ಡ್ 12ಕ್ಕೆ ಮರಳುವ ದಾರಿಯನ್ನು ಗೂಗಲ್ ಮುಚ್ಚಿಬಿಟ್ಟಿತ್ತು.

ಅದೇ ಪುಟದಲ್ಲಿ ಮೂರು ಆಯ್ಕೆಗಳು ಕಾಣುತ್ತವೆ: ಡೇಟಾ ಅಳಿಸುವುದು, ಎಲ್ಲ ವಿಭಾಗಗಳನ್ನೂ ಬಲವಂತವಾಗಿ ಬರೆಯುವುದು, ಬೂಟ್‌ಲೋಡರ್ ಲಾಕ್ ಮಾಡುವುದು. ಮೊದಲ ಎರಡನ್ನು ಗುರುತು ಹಾಕಿ. ಲಾಕ್ ಆಯ್ಕೆಯ ಗುರುತನ್ನು ಈಗ ತೆಗೆದಿಡಿ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಕೆಲಸದಲ್ಲಿ ನಿಜವಾಗಿ ಅಪಾಯದ ಹೆಜ್ಜೆ ಲಾಕ್ ಮಾಡುವುದೊಂದೇ. ಲಾಕ್ ಆದ ಬೂಟ್‌ಲೋಡರ್ ಪ್ರತಿ ಸಲವೂ ಸಾಫ್ಟ್‌ವೇರ್‌ನ ಸಹಿಯನ್ನು ಪರೀಕ್ಷಿಸುತ್ತದೆ, ಒಂದು ಭಾಗ ಹೊಂದದಿದ್ದರೂ ಸಾಧನ ಕೆಟ್ಟಿದೆ ಎಂಬ ಕೆಂಪು ಸೂಚನೆ ತೋರಿಸಿ ನಿಂತುಬಿಡುತ್ತದೆ. ಅನ್‌ಲಾಕ್ ಆಗಿರುವ ತನಕ ಹೆಚ್ಚಿನ ತಪ್ಪುಗಳನ್ನು ಮತ್ತೆ ಬರೆದು ಸರಿಪಡಿಸಬಹುದು.

ಫೋನ್ ಮೂಲ ಸಾಫ್ಟ್‌ವೇರ್‌ನಲ್ಲಿ ಚಾಲೂ ಆದ ಮೇಲೆ ಆ್ಯಪ್‌ಗಳನ್ನು ಹಾಕಲು ಹೋಗಬೇಡಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ. ಐಎಂಇಐ ಸಂಖ್ಯೆಗಳು ಪೆಟ್ಟಿಗೆಯ ಮೇಲಿನವುಗಳಿಗೆ ಹೊಂದುತ್ತವೆಯೇ, 32 ಅಂಕಿಗಳ ಇಐಡಿ ಕಾಣುತ್ತದೆಯೇ ನೋಡಿ. ಇಐಡಿ ಎಂಬುದು ಇ-ಸಿಮ್ ಚಿಪ್‌ನ ಗುರುತು. ನಿಮ್ಮ ಪ್ಲಾಸ್ಟಿಕ್ ಸಿಮ್ ಇನ್ನೂ ಜೀವಂತವಾಗಿರುವುದರಿಂದ ಅದನ್ನು ಹಾಕಿ ಒಂದು ಕರೆ ಮಾಡಿ, ಒಂದು ಕರೆ ಸ್ವೀಕರಿಸಿ. ಇಷ್ಟೂ ಸರಿಯಾಗಿದ್ದರೆ ಫೋನನ್ನು ಆಫ್ ಮಾಡಿ, ವಾಲ್ಯೂಮ್ ಕೆಳಗಿನ ಗುಂಡಿ ಮತ್ತು ಪವರ್ ಗುಂಡಿಯನ್ನು ಒಟ್ಟಿಗೆ ಒತ್ತಿ ಫಾಸ್ಟ್‌ಬೂಟ್ ಎಂಬ ಬೂಟ್‌ಲೋಡರ್ ಪರದೆಗೆ ಹೋಗಿ, ಕಂಪ್ಯೂಟರ್‌ನಿಂದ ಲಾಕ್ ಆಜ್ಞೆ ಕೊಡಬಹುದು. ಲಾಕ್ ಆಗುವಾಗ ಡೇಟಾ ಮತ್ತೊಮ್ಮೆ ಅಳಿಯುತ್ತದೆ; ಆ್ಯಪ್ ಹಾಕಬೇಡಿ ಎಂದದ್ದು ಇದಕ್ಕೇ. ಲಾಕ್ ಆದ ಮೇಲೆ ಫೋನ್ ಒಮ್ಮೆ ಪೂರ್ತಿ ಚಾಲೂ ಆಗುವ ತನಕ, ಡೆವಲಪರ್ ಆಯ್ಕೆಗಳಲ್ಲಿರುವ ಒಇಎಂ ಅನ್‌ಲಾಕಿಂಗ್ ಸ್ವಿಚ್ಚನ್ನು ಆಫ್ ಮಾಡಬೇಡಿ. ಆಫ್ ಮಾಡದೆ ಇಟ್ಟಿದ್ದರೆ ಏನಾದರೂ ಎಡವಟ್ಟಾದಾಗ ಮತ್ತೆ ಅನ್‌ಲಾಕ್ ಮಾಡಲು ಬಾಗಿಲು ತೆರೆದಿರುತ್ತದೆ.

ಇ-ಸಿಮ್‌ಗಾಗಿಯೇ ಲಾಕ್ ಮಾಡಬೇಕೆಂಬ ನಿಯಮವೇನೂ ಇಲ್ಲ. ಲಾಕ್ ಬೇಕಾಗುವುದು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಗೆ. ಅವುಗಳಲ್ಲಿ ಹಲವು ಫೋನಿನ ಸಾಫ್ಟ್‌ವೇರ್ ತಿದ್ದಲಾಗಿದೆಯೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯನ್ನು ಆಧರಿಸಿ ಅನ್‌ಲಾಕ್ ಆದ ಫೋನಿನಲ್ಲಿ ಓಡಲು ಒಪ್ಪುವುದಿಲ್ಲ.

ಇ-ಸಿಮ್ ಕೋರಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಸಲ್ಲಿಸಿ. ಹೊಸ ಪ್ರೊಫೈಲ್ ಚಾಲೂ ಆದ ಕ್ಷಣದಿಂದ ಪ್ಲಾಸ್ಟಿಕ್ ಸಿಮ್ ಸತ್ತುಹೋಗುತ್ತದೆ, ಮತ್ತು ನಮ್ಮ ದೇಶದ ನಿಯಮದಂತೆ ಸಿಮ್ ಬದಲಾದ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಎಂದರೆ ಆ ಅವಧಿಯಲ್ಲಿ ಬ್ಯಾಂಕಿನ ಒಟಿಪಿ ಸಿಗುವುದಿಲ್ಲ, ಯುಪಿಐ ಆ್ಯಪ್‌ಗಳನ್ನು ಹೊಸದಾಗಿ ನೋಂದಾಯಿಸಲೂ ಆಗುವುದಿಲ್ಲ. ಬಾಡಿಗೆ, ಕಂತು, ಶುಲ್ಕ ಕಟ್ಟುವ ದಿನದ ಹಿಂದಿನ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಬಾರಿಯ ಬಳಕೆಗೆ. ಕಸ್ಟಮ್ ರಾಮ್‌ನ ಕಾಲದಲ್ಲಿ ಬಂದ ಕೋಡ್ ಇಟ್ಟುಕೊಂಡಿದ್ದರೆ ಅದನ್ನು ಬಿಟ್ಟು ಹೊಸದನ್ನು ಕೇಳಿ.

ಪ್ರಶ್ನೆ: ದುಬೈನಲ್ಲಿರುವ ಅಣ್ಣ ತಮ್ಮ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನನ್ನು ನನಗೆ ಕೊಟ್ಟರು. ಅದು ರೂಟ್ ಆಗಿತ್ತು. ಕಂಪ್ಯೂಟರ್‌ನಿಂದ ಸ್ಯಾಮ್‌ಸಂಗ್ ಫೋನಿಗೆ ಸಾಫ್ಟ್‌ವೇರ್ ಬರೆಯುವ ಓಡಿನ್ ಬಳಸಿ ಭಾರತದ ಸಾಫ್ಟ್‌ವೇರ್ ಹಾಕಿದೆ, ರೂಟ್ ಹೋಯಿತು. ಇಂಟರ್‌ನೆಟ್ ಬರುತ್ತದೆ, ಆದರೆ ವಿಒಎಲ್‌ಟಿಇ ಆಯ್ಕೆಯೇ ಕಾಣುವುದಿಲ್ಲ. ಖಾಸಗಿ ಕಡತಗಳನ್ನು ಬೀಗ ಹಾಕಿಡುವ ಸೆಕ್ಯೂರ್ ಫೋಲ್ಡರ್ ಕೂಡ ತೆರೆಯುವುದಿಲ್ಲ. ಮತ್ತೆ ಹಾಕಬೇಕೇ?
– ಓದುಗರು, ಮಂಗಳೂರು

ಉತ್ತರ: ಮತ್ತೆ ಹಾಕಬೇಕು, ಆದರೆ ಒಂದು ಕಡತವನ್ನು ಬದಲಾಯಿಸಿ. ಓಡಿನ್‌ನಲ್ಲಿ ಬಿಎಲ್, ಎಪಿ, ಸಿಪಿ, ಸಿಎಸ್‌ಸಿ ಎಂಬ ನಾಲ್ಕು ಜಾಗಗಳಿವೆ. ಕೊನೆಯದಕ್ಕೆ ಹಾಕಲು ಎರಡು ಕಡತಗಳು ಬರುತ್ತವೆ: ಹೋಮ್ ಸಿಎಸ್‌ಸಿ ಮತ್ತು ಬರೀ ಸಿಎಸ್‌ಸಿ. ಹೋಮ್ ಹಾಕಿದರೆ ಡೇಟಾ ಉಳಿಯುತ್ತದೆ, ಅದರ ಜೊತೆಗೆ ಹಳೆಯ ದೇಶದ ಸಂಕೇತವೂ ಉಳಿದುಬಿಡುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಸ್ಯಾಮ್‌ಸಂಗ್‌ನಲ್ಲಿ ಯಾವ ಮೊಬೈಲ್ ಕಂಪನಿಗೆ ವಿಒಎಲ್‌ಟಿಇ ತೋರಿಸಬೇಕು ಎಂಬುದನ್ನು ಈ ಸಂಕೇತವೇ ತೀರ್ಮಾನಿಸುತ್ತದೆ. ಸೆಟ್ಟಿಂಗ್ಸ್‌ನ ಸಾಫ್ಟ್‌ವೇರ್ ಮಾಹಿತಿಯಲ್ಲಿ ಯುಎಇಯ ಎಕ್ಸ್‌ಎಸ್‌ಜಿ ಎಂದಿದ್ದರೆ, ಡೇಟಾದ ಪ್ರತಿ ಇಟ್ಟುಕೊಂಡು ಬರೀ ಸಿಎಸ್‌ಸಿ ಕಡತದೊಡನೆ ಮತ್ತೆ ಬರೆಯಿರಿ. ಭಾರತದ ಐಎನ್‌ಎಸ್ ಬರಬೇಕು. ಮಾದರಿ ಸಂಖ್ಯೆ ಕೊನೆಯ ಅಕ್ಷರದವರೆಗೂ ಹೊಂದಲೇಬೇಕು. ಆವೃತ್ತಿ ಸಂಖ್ಯೆಯ ಕೊನೆಯಿಂದ ಐದನೆಯ ಅಕ್ಷರ ಬೂಟ್‌ಲೋಡರ್‌ನ ಮಟ್ಟವನ್ನು ಹೇಳುತ್ತದೆ; ಅದು ಈಗಿನದಕ್ಕಿಂತ ಕಡಿಮೆಯಿದ್ದರೆ ಫೋನ್ ಒಪ್ಪುವುದಿಲ್ಲ.

ಸೆಕ್ಯೂರ್ ಫೋಲ್ಡರ್‌ನ ಆಸೆ ಬಿಡಿ. ಕಂಪನಿ ಸಹಿ ಹಾಕದ ಸಾಫ್ಟ್‌ವೇರ್ ಮೊದಲ ಬಾರಿಗೆ ಓಡಿದಾಗ ಚಿಪ್‌ನೊಳಗಿನ ಒಂದು ಫ್ಯೂಸ್ ಸುಟ್ಟು, ಸ್ಯಾಮ್‌ಸಂಗ್‌ನ ಭದ್ರತಾ ವ್ಯವಸ್ಥೆಯಾದ ನಾಕ್ಸ್‌ನ ವಾರಂಟಿ ಸೂಚಕ 0ಯಿಂದ 1ಕ್ಕೆ ಹೋಗುತ್ತದೆ. ಯಾವ ಸಾಫ್ಟ್‌ವೇರ್ ಹಾಕಿದರೂ ಅದು ಹಿಂದಕ್ಕೆ ಬರುವುದಿಲ್ಲ; ಸ್ಯಾಮ್‌ಸಂಗ್‌ನ ಪಾವತಿ ಆ್ಯಪ್‌ಗೂ ಇದೇ ಗತಿ. ಸಿಮ್‌ಗೂ ಕರೆಗೂ ಇದರಿಂದ ತೊಂದರೆಯಿಲ್ಲ. ಬಳಸಿದ ಗ್ಯಾಲಕ್ಸಿ ಕೊಳ್ಳುವವರು ಡೌನ್‌ಲೋಡ್ ಮೋಡ್‌ನಲ್ಲಿ ಈ ಸೂಚಕವನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಚೀನಾ ಮಾರುಕಟ್ಟೆಯ ಶವೊಮಿ ಫೋನಿಗೆ ಗ್ಲೋಬಲ್ ಸಾಫ್ಟ್‌ವೇರ್ ಹಾಕಲಾಗಿದೆ. ಶವೊಮಿ ಫೋನಿಗೆ ಕಂಪ್ಯೂಟರ್‌ನಿಂದ ಸಾಫ್ಟ್‌ವೇರ್ ಬರೆಯುವ ಮಿ ಫ್ಲ್ಯಾಶ್‌ನಿಂದ ಅದನ್ನೇ ಮತ್ತೆ ಹೊಸದಾಗಿ ಹಾಕಿ ಲಾಕ್ ಮಾಡಬಹುದೇ?
– ಓದುಗರು, ತುಮಕೂರು

ಉತ್ತರ: ಲಾಕ್ ಮಾಡಬೇಡಿ. ಚೀನಾದ ಯಂತ್ರಾಂಶದ ಮೇಲೆ ಗ್ಲೋಬಲ್ ಸಾಫ್ಟ್‌ವೇರ್ ಇರುವಾಗ ಲಾಕ್ ಮಾಡಿದರೆ, ಈ ಆವೃತ್ತಿಯನ್ನು ಈ ಸಾಧನದಲ್ಲಿ ಹಾಕಲಾಗದು ಎಂಬ ಸೂಚನೆಯ ಮುಂದೆ ಫೋನ್ ನಿಂತುಬಿಡುತ್ತದೆ. ಮಿ ಫ್ಲ್ಯಾಶ್‌ನ ಕೆಳಭಾಗದಲ್ಲಿ ಎಲ್ಲವನ್ನೂ ಅಳಿಸಿ ಲಾಕ್ ಮಾಡು ಎಂಬ ಆಯ್ಕೆ ತಾನಾಗಿಯೇ ಗುರುತಾಗಿರುತ್ತದೆ, ಮತ್ತು ಬಹಳ ಫೋನುಗಳು ಅಲ್ಲಿಯೇ ಸಾಯುತ್ತವೆ. ಆ ಗುರುತನ್ನು ಲಾಕ್ ಇಲ್ಲದ ಆಯ್ಕೆಗೆ ಬದಲಾಯಿಸಿದ ಮೇಲೆಯೇ ಫ್ಲ್ಯಾಶ್ ಗುಂಡಿ ಒತ್ತಿ.

ಪ್ರಶ್ನೆ: ಮೂಲ ಸಾಫ್ಟ್‌ವೇರ್ ಹಾಕಿದ ಮೇಲೆ ಐಎಂಇಐ ಜಾಗದಲ್ಲಿ ಬರೀ ಸೊನ್ನೆ ತೋರಿಸುತ್ತಿದೆ, ಯಾವ ಸಿಮ್ಮೂ ಹತ್ತುವುದಿಲ್ಲ. ಪರಿಚಿತ ರಿಪೇರಿ ಅಂಗಡಿಯವರು ಬೇರೊಂದು ಐಎಂಇಐ ಬರೆದುಕೊಡುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಒಪ್ಪಬಾರದು. ಬೇರೊಂದು ಫೋನಿನ ಐಎಂಇಐ ಬರೆಯುವುದು ಅಪರಾಧ: 2023ರ ದೂರಸಂಪರ್ಕ ಕಾಯ್ದೆಯಡಿ ದೂರಸಂಪರ್ಕ ಗುರುತನ್ನು ತಿದ್ದಿದರೆ ಮೂರು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆ ಸಂಖ್ಯೆ ಕದ್ದ ಫೋನಿನದಾಗಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.

ಆಗಿರುವುದೇನೆಂದರೆ, ಐಎಂಇಐ ಮತ್ತು ರೇಡಿಯೊ ಹೊಂದಾಣಿಕೆಯ ಅಂಕಿಅಂಶಗಳು ಸಾಫ್ಟ್‌ವೇರ್ ಪೊಟ್ಟಣದಲ್ಲಿ ಇರುವುದಿಲ್ಲ. ಅವು ಪ್ರತಿ ಫೋನಿಗೂ ಬೇರೆಬೇರೆ. ಕಾರ್ಖಾನೆಯಲ್ಲಿಯೇ ಒಂದು ಪ್ರತ್ಯೇಕ ವಿಭಾಗದಲ್ಲಿ ಬರೆದಿರುತ್ತಾರೆ. ಸ್ಯಾಮ್‌ಸಂಗ್‌ನಲ್ಲಿ ಇದಕ್ಕೆ ಇಎಫ್‌ಎಸ್ ಎನ್ನುತ್ತಾರೆ, ಮೀಡಿಯಾಟೆಕ್ ಚಿಪ್ ಇರುವ ಫೋನುಗಳಲ್ಲಿ ಎನ್‌ವಿ ರ್‍ಯಾಮ್. ಎಲ್ಲವನ್ನೂ ಫಾರ್ಮ್ಯಾಟ್ ಮಾಡುವ ಆಯ್ಕೆ ಒತ್ತಿದಾಗ ಇದೂ ಅಳಿದುಹೋಗಬಹುದು, ಅಂತರ್ಜಾಲದ ಯಾವ ಕಡತವೂ ಅದನ್ನು ಮರಳಿಸಲಾರದು. ರೂಟ್ ಮಾಡುವ ಮುನ್ನ ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ ಸಾಫ್ಟ್‌ವೇರ್‌ನಲ್ಲಿ ಇಎಫ್‌ಎಸ್ ಪ್ರತಿ ತೆಗೆದಿಟ್ಟಿದ್ದರೆ ಹಳೆಯ ಮೆಮೊರಿ ಕಾರ್ಡ್, ಲ್ಯಾಪ್‌ಟಾಪ್‌ಗಳಲ್ಲೆಲ್ಲ ಹುಡುಕಿ. ಅದೇ ಫೋನಿನ ಪ್ರತಿಯನ್ನು ಅದಕ್ಕೇ ಮರಳಿ ಹಾಕಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ಇಲ್ಲದಿದ್ದರೆ ಬಿಲ್ ಮತ್ತು ಪೆಟ್ಟಿಗೆಯೊಡನೆ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೆ ಹೋಗಿ. ಅಲ್ಲಿ ಮದರ್‌ಬೋರ್ಡ್ ಬದಲಿಸಬೇಕೆಂದು ಹೇಳಿದರೆ, ಆ ವೆಚ್ಚವನ್ನು ಫೋನಿನ ಈಗಿನ ಬೆಲೆಯೊಡನೆ ತೂಗಿ ನೋಡಿ. ಹಳೆಯ ಫೋನಾದರೆ ವೈಫೈನಲ್ಲಿ ಬಳಸಿಕೊಂಡು ಹೊಸದನ್ನು ಕೊಳ್ಳುವುದೇ ಲಾಭ. ಸರಿಪಡಿಸಿಕೊಂಡು ಬಂದ ಮೇಲೆ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟು 15 ಅಂಕಿಗಳ ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ, ಆ ಸಂಖ್ಯೆ ಯಾವ ಕಂಪನಿಯ ಯಾವ ಮಾದರಿಗೆ ಸೇರಿದ್ದೆಂದು ಉತ್ತರ ಬರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿದ್ದೇನೆ. ಸ್ಪ್ರಿಂಟ್ ಕಂಪನಿಗೆಂದು ತಯಾರಾದ, 3ಜಿ ಕಾಲದ ಫೋನೊಂದು ಸಿಕ್ಕಿತು. ರೂಟ್ ತೆಗೆದು ಮೂಲ ಸಾಫ್ಟ್‌ವೇರ್ ಹಾಕಿದರೆ ಅದನ್ನು ಇಲ್ಲಿ ಸಕ್ರಿಯಗೊಳಿಸಬಹುದೇ?
– ಓದುಗರು, ಡಲ್ಲಾಸ್

ಉತ್ತರ: ಆಗದು. ಹಿಂದೆ ಸ್ಪ್ರಿಂಟ್‌ನ ಸಿಡಿಎಂಎ ಎಂಬ ಹಳೆಯ ಜಾಲ ತಂತ್ರಜ್ಞಾನದ ಫೋನುಗಳು ಮೂಲ ಸಾಫ್ಟ್‌ವೇರ್‌ನಲ್ಲಿರುವ ಸಕ್ರಿಯಗೊಳಿಸುವ ಆ್ಯಪ್ ಮೂಲಕವೇ ತಮ್ಮ ನೋಂದಣಿ ವಿವರಗಳನ್ನು ಜಾಲದಿಂದ ಪಡೆಯುತ್ತಿದ್ದವು. ರೂಟ್ ತೆಗೆದು ಮೂಲಕ್ಕೆ ಮರಳಿ ಎಂಬ ಸಲಹೆ ಆಗ ಸಾರ್ಥಕವಾಗಿತ್ತು. ಆ ಜಾಲವೇ 2022ರಲ್ಲಿ ಮುಚ್ಚಿತು. ಅದೇ ವರ್ಷ ಎಟಿ ಅಂಡ್ ಟಿಯ 3ಜಿಯೂ ವೆರೈಝನ್‌ನ ಸಿಡಿಎಂಎಯೂ ನಿಂತವು. ಈಗ ಅಲ್ಲಿ ಬೇರೆ ಫೋನ್ ಕೊಳ್ಳುವುದಾದರೆ, ಹಣ ಕೊಡುವ ಮುನ್ನ ಅದರ ಐಎಂಇಐ ಸಂಖ್ಯೆಯನ್ನು ನೀವು ಸೇರಬೇಕೆಂದಿರುವ ಕಂಪನಿಯ ಜಾಲತಾಣದಲ್ಲಿ ಹಾಕಿ, ಫೋನ್ ಅವರ ಜಾಲಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.