ಶಾಲೆಯ ಆಡಳಿತ ಕೈಬದಲಾಗುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಸರಗೋಡು ಜಿಲ್ಲೆಯ ಅನುದಾನಿತ ಶಾಲೆಗಳ ಮೆನೇಜ್‌ಮೆಂಟ್ ಬದಲಾವಣೆ, ಬೈಲಾ ತಿದ್ದುಪಡಿ, ಜಾಗದ ವ್ಯವಹಾರಗಳ ಕುರಿತು ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು. ಉತ್ತರಗಳಲ್ಲಿ ‘ಕಾಯ್ದೆ’ ಎಂದರೆ 1958ರ ಕೇರಳ ಶಿಕ್ಷಣ ಕಾಯ್ದೆ. ‘ಕೆಇಆರ್’ ಎಂದರೆ ಅದರಡಿ 1959ರಲ್ಲಿ ಬಂದ ಕೇರಳ ಶಿಕ್ಷಣ ನಿಯಮಗಳು. ‘ಮೆನೇಜರ್’ ಎಂದರೆ ಒಡೆಯರ ಪರವಾಗಿ ಶಾಲೆಯ ಆಡಳಿತ ನಡೆಸುವವರು.

ಪ್ರಶ್ನೆ: ನಮ್ಮೂರಿನ ಅನುದಾನಿತ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಮೆನೇಜರ್ ಅವರಿಗೆ ವಯಸ್ಸಾಯಿತು. ಶಾಲೆಯನ್ನು ಊರವರು ಸೇರಿ ಮಾಡಿದ ಟ್ರಸ್ಟಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಕರಾರು ಬರೆದು ಮುಂಗಡವನ್ನೂ ಕೊಟ್ಟಿದ್ದೇವೆ. ಮುಂದಿನ ತಿಂಗಳು ರಿಜಿಸ್ಟ್ರಿ ಮುಗಿಸಿ ಆಮೇಲೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ತಿಳಿಸಿದರೆ ಸಾಕಲ್ಲವೇ?
— ಟ್ರಸ್ಟಿನ ಸದಸ್ಯರು, ಬದಿಯಡ್ಕ

ಉತ್ತರ: ಸಾಲದು. ದಯವಿಟ್ಟು ರಿಜಿಸ್ಟ್ರಿಯ ದಿನವನ್ನು ಮುಂದೂಡಿ. ನಿಮ್ಮ ಲೆಕ್ಕದಲ್ಲಿ ಇದು ಒಂದೇ ವ್ಯವಹಾರ, ಕಾನೂನಿನ ಲೆಕ್ಕದಲ್ಲಿ ಎರಡು. ಎರಡಕ್ಕೂ ಮುಂಚಿತವಾಗಿ ಅನುಮತಿ ಬೇಕು.

ಮೊದಲನೆಯದು ಆಸ್ತಿ. ಅನುದಾನಿತ ಶಾಲೆಯ ಯಾವುದೇ ಆಸ್ತಿಯನ್ನು ಮಾರುವುದು, ಅಡವಿಡುವುದು, ಲೀಸಿಗೆ ಕೊಡುವುದು, ಸ್ವಾಧೀನ ಬಿಟ್ಟುಕೊಡುವುದು ಇವೆಲ್ಲಕ್ಕೂ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲಿಖಿತ ಪೂರ್ವಾನುಮತಿ ಇರಬೇಕು. ಅದನ್ನು ಕೊಡುವ ಅಧಿಕಾರಿ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ದರ್ಜೆಗಿಂತ ಕೆಳಗಿನವರಾಗಿರಬಾರದು. ಅನುಮತಿ ಇಲ್ಲದೆ ಮಾಡಿದ ವ್ಯವಹಾರ ಅಸಿಂಧು. ಎರಡನೆಯದು ಆಡಳಿತ. ಒಡೆತನವೇ ಬದಲಾಗುವ ಮೆನೇಜ್‌ಮೆಂಟ್ ಬದಲಾವಣೆಗೆ ಕೆಇಆರ್ 3ನೇ ಅಧ್ಯಾಯದ 5ಎ ನಿಯಮದಂತೆ ತಿರುವನಂತಪುರದ ಡೈರೆಕ್ಟರರ ಪೂರ್ವಾನುಮತಿ ಬೇಕು. ಹಿಂದೆ ಡಿಪಿಐ ಎನ್ನುತ್ತಿದ್ದ ಹುದ್ದೆಯೇ ಈಗಿನ ಡೈರೆಕ್ಟರ್ ಆಫ್ ಜನರಲ್ ಎಜುಕೇಶನ್.

ಇಲ್ಲಿ ಮೋಸಹೋಗುವುದು ಸುಲಭ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರೂ ತಡೆಯದೆ ಆಧಾರ (ಜಾಗದ ದಸ್ತಾವೇಜು) ನೋಂದಣಿಯಾಗಿಬಿಡಬಹುದು, ವಿಲೇಜ್ ಆಫೀಸಿನಲ್ಲಿ ಭೂತೆರಿಗೆ ನಿಮ್ಮ ಹೆಸರಿಗೆ ಬರಲೂಬಹುದು. ಕೆಲಸ ಮುಗಿಯಿತೆಂದು ಎಲ್ಲರೂ ನೆಮ್ಮದಿಯಲ್ಲಿರುವಾಗ ಒಬ್ಬ ಅಧ್ಯಾಪಕರು ನಿವೃತ್ತರಾಗುತ್ತಾರೆ. ಹೊಸ ಮೆನೇಜರ್ ಆ ಜಾಗಕ್ಕೆ ನೇಮಕಾತಿ ಆದೇಶ ಕೊಡುತ್ತಾರೆ. ಇಲಾಖೆಯ ದಾಖಲೆಯಲ್ಲಿ ಅವರು ಮೆನೇಜರೇ ಅಲ್ಲ, ಆದ್ದರಿಂದ ನೇಮಕಾತಿಗೆ ಅಂಗೀಕಾರ ಸಿಗುವುದಿಲ್ಲ. ಅನುದಾನಿತ ಶಾಲೆಯ ಸಂಬಳ ಸರಕಾರದಿಂದ ನೇರವಾಗಿ ಬರುವುದರಿಂದ ಅಂಗೀಕಾರವಿಲ್ಲದ ನೇಮಕಾತಿಗೆ ಸಂಬಳವೂ ಇಲ್ಲ. ಕೊಂಡವರು, ಕೊಟ್ಟವರು ಇಬ್ಬರೂ ಹೇಗೋ ತಡೆದುಕೊಂಡಾರು. ಪ್ರತಿದಿನ ತರಗತಿಗೆ ಹೋಗಿ ಪಾಠ ಮಾಡುವ ಆ ಹೊಸ ಅಧ್ಯಾಪಕಿಯ ವರ್ಷಗಳು ಮಾತ್ರ ಹಾಳಾಗುತ್ತವೆ. ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಈಗ ಮಾಡಬೇಕಾದದ್ದು. ನೀವು ಬರೆದ ಕರಾರಿಗೆ ಒಂದು ಪೂರಕ ಕರಾರು ಸೇರಿಸಿ: ಎರಡೂ ಅನುಮತಿಗಳು ಸಿಕ್ಕ ಮೇಲಷ್ಟೇ ಆಧಾರ ನೋಂದಣಿ ಮತ್ತು ಸ್ವಾಧೀನ, ಅನುಮತಿ ಸಿಗದಿದ್ದರೆ ಮುಂಗಡ ಇಂತಿಷ್ಟು ದಿನದೊಳಗೆ ವಾಪಸು. ಅಲ್ಲಿಯವರೆಗೆ ಶಾಲೆಯ ಬೀಗದ ಕೈ, ದಾಖಲೆ, ಮೊಹರು ಯಾವುದನ್ನೂ ಟ್ರಸ್ಟ್ ತೆಗೆದುಕೊಳ್ಳಬಾರದು.

ಅರ್ಜಿಗೆ ಕೊಡುವವರು, ಪಡೆಯುವವರು ಇಬ್ಬರೂ ಸಹಿ ಹಾಕಲಿ. ಜೊತೆಗೆ ಇಡಬೇಕಾದವು: ಆಧಾರದ ಕರಡು, ಮೂಲ ಆಧಾರದ ಪ್ರತಿ, ಋಣಭಾರ ಪ್ರಮಾಣಪತ್ರ, ಸ್ವಾಧೀನ ಪ್ರಮಾಣಪತ್ರ, ಈ ವರ್ಷದ ಭೂತೆರಿಗೆ ರಶೀದಿ, ಜಾಗದ ನಕ್ಷೆ, ಶಾಲೆಯ ಅಂಗೀಕಾರ ಆದೇಶ, ಟ್ರಸ್ಟ್ ಪತ್ರ, ಟ್ರಸ್ಟಿನ ನಿರ್ಣಯ, ಸೇವಾ ಹಿರಿತನದ ಪ್ರಕಾರ ಅಧ್ಯಾಪಕರ ಪಟ್ಟಿ. ಕಚೇರಿ ಇನ್ನೂ ಒಂದೆರಡು ಕಾಗದ ಕೇಳಬಹುದು. ಅನುಮತಿ ಕೊಡುವಾಗ ಡೈರೆಕ್ಟರ್ ನೋಡಬೇಕಾದದ್ದು ಶಾಲೆಯ ನಡೆವಳಿಕೆಗೆ ಧಕ್ಕೆಯಾಗುತ್ತದೆಯೇ, ಅಧ್ಯಾಪಕರ ಹಿತಕ್ಕೆ ಧಕ್ಕೆಯಾಗುತ್ತದೆಯೇ ಎಂಬುದನ್ನು. ಆದ್ದರಿಂದ ಟ್ರಸ್ಟಿನ ಹಿರಿಮೆಯನ್ನು ನಾಲ್ಕು ಪುಟ ಬರೆಯುವ ಬದಲು ಈ ಎರಡಕ್ಕೆ ಉತ್ತರ ಬರೆಯಿರಿ. ಕಟ್ಟಡ ದುರಸ್ತಿಗೆ ಹಣ ಎಲ್ಲಿಂದ, ಈಗಿರುವ ಸಿಬ್ಬಂದಿ ಯಾವ ಬದಲಾವಣೆಯೂ ಇಲ್ಲದೆ ಮುಂದುವರಿಯುತ್ತಾರೆಯೇ, ಕೆಇಆರ್‌ನ 51ಎ ನಿಯಮದಡಿ ಮರುನೇಮಕಕ್ಕೆ ಹಕ್ಕಿರುವ ಹಳಬರು ಯಾರಾದರೂ ಇದ್ದಾರೆಯೇ, ಅವರ ಹಕ್ಕನ್ನು ಟ್ರಸ್ಟ್ ಒಪ್ಪಿದೆಯೇ? ಈ ಕೊನೆಯದನ್ನು ಹೆಸರು ಸಹಿತ ಮುಚ್ಚಳಿಕೆಯಲ್ಲಿ ಬರೆದುಕೊಡಿ. ಕೈಬದಲಾದ ಶಾಲೆಗಳಲ್ಲಿ ಮುಂದೆ ಕೋರ್ಟಿನವರೆಗೆ ಹೋಗುವ ತಕರಾರು ಹೆಚ್ಚಾಗಿ ಹುಟ್ಟುವುದೇ ಇಲ್ಲಿ.

ಪ್ರಶ್ನೆ: ನಮ್ಮ ಶಾಲೆ ನೋಂದಾಯಿತ ಸೊಸೈಟಿಯದ್ದು. ಮಹಾಸಭೆಯಲ್ಲಿ ಬೈಲಾ ತಿದ್ದಿ ಮೆನೇಜರ್ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿದೆವು. ಸೊಸೈಟಿಯ ಉದ್ದೇಶಗಳಿಗೆ ಆಂಗ್ಲ ಮಾಧ್ಯಮ ಶಾಲೆ ನಡೆಸುವುದನ್ನೂ ಸೇರಿಸಿದೆವು. ಜಿಲ್ಲಾ ರಿಜಿಸ್ಟ್ರಾರರಲ್ಲಿ ದಾಖಲಿಸಿಯೂ ಆಯಿತು. ಆದರೆ ಶಿಕ್ಷಣ ಕಚೇರಿ ಹಳೆಯ ಬೈಲಾವನ್ನೇ ಹಿಡಿದು ಮಾತಾಡುತ್ತಿದೆ. ಹೀಗೇಕೆ?
— ಕಾರ್ಯದರ್ಶಿ, ಪೈವಳಿಕೆ

ಉತ್ತರ: ಯಾಕೆಂದರೆ ಶಿಕ್ಷಣ ಇಲಾಖೆ ನೋಡುವುದು ತಾನು ಒಪ್ಪಿದ ಬೈಲಾವನ್ನು. ರಿಜಿಸ್ಟ್ರಾರರಲ್ಲಿ ದಾಖಲಾದರೆ ಅದು ಸೊಸೈಟಿಯ ಮಟ್ಟಿಗೆ ಸಂದಿತು ಅಷ್ಟೆ. ಮೆನೇಜರ್ ಯಾರು, ಎಷ್ಟು ಅವಧಿ, ಆರಿಸುವವರು ಯಾರು ಎಂಬ ಭಾಗ ಬದಲಾದಾಗಲೆಲ್ಲ ಡಿಇಒ ಮೂಲಕ ಇಲಾಖೆಯ ಒಪ್ಪಿಗೆಗೆ ಪ್ರತ್ಯೇಕವಾಗಿ ಕಳುಹಿಸಬೇಕು. ಅದು ಬರುವವರೆಗೆ 3 ವರ್ಷದ ಅವಧಿಯೇ ನಿಲ್ಲುತ್ತದೆ. ಈಗಿನ ಮೆನೇಜರ್ ಅವರ 3 ವರ್ಷ ಮುಗಿಯುವ ಹಂತದಲ್ಲಿದ್ದರೆ ಕಾಯಬೇಡಿ, ಹಳೆಯ ಬೈಲಾದಂತೆ ಚುನಾವಣೆ ಮಾಡಿ ಹೆಸರು ಕಳುಹಿಸಿಬಿಡಿ.

ಉದ್ದೇಶ ತಿದ್ದಿದ್ದರ ಬಗ್ಗೆ ನಮಗೆ ಬೇರೆಯೇ ಆತಂಕವಿದೆ. ನೀವು ಬರೆದದ್ದು ನೋಡಿದರೆ ಒಂದೇ ಮಹಾಸಭೆಯಲ್ಲಿ ಮುಗಿಸಿದ ಹಾಗಿದೆ. ಕಾಸರಗೋಡು ಸೇರಿದ ಮಲಬಾರ್ ಭಾಗದ ಸೊಸೈಟಿಗಳಿಗೆ ಅನ್ವಯಿಸುವುದು 1860ರ ಸೊಸೈಟಿ ನೋಂದಣಿ ಕಾಯ್ದೆ. ಅದರ 12ನೇ ಸೆಕ್ಷನ್ ಪ್ರಕಾರ ಉದ್ದೇಶ ಬದಲಿಸಲು ಎರಡು ವಿಶೇಷ ಸಭೆಗಳು ಬೇಕು. ಬದಲಾವಣೆಯ ವಿವರವನ್ನು ಮೊದಲ ಸಭೆಗೆ 10 ದಿನ ಮುಂಚೆ ಪ್ರತಿಯೊಬ್ಬ ಸದಸ್ಯರಿಗೂ ಬರವಣಿಗೆಯಲ್ಲಿ ತಲುಪಿಸಬೇಕು ಅಥವಾ ಅಂಚೆಯಲ್ಲಿ ಕಳುಹಿಸಬೇಕು. ಮೊದಲ ಸಭೆಯಲ್ಲಿ ಸದಸ್ಯರ ಐದರಲ್ಲಿ ಮೂರು ಪಾಲು ಮತ ಬೇಕು. ಒಂದು ತಿಂಗಳ ಅಂತರದ ಬಳಿಕ ಎರಡನೇ ಸಭೆ ಕರೆದು, ಹಾಜರಿದ್ದವರ ಐದರಲ್ಲಿ ಮೂರು ಪಾಲು ಮತದಿಂದ ಅದನ್ನು ಸ್ಥಿರಪಡಿಸಬೇಕು. 45 ಸದಸ್ಯರ ಸೊಸೈಟಿಯಾದರೆ ಮೊದಲ ಸಭೆಯಲ್ಲಿ 27 ಮತ ಬೇಕೇ ಬೇಕು. 30 ಮಂದಿ ಬಂದು 20 ಮಂದಿ ಕೈಯೆತ್ತಿದರೆ ಸಭೆಯಲ್ಲಿ ದೊಡ್ಡ ಬಹುಮತವಾಗಿ ಕಂಡೀತು, ಕಾನೂನಿಗೆ ಸಾಲದು. ಎರಡನೇ ಸಭೆಗೆ 20 ಮಂದಿ ಬಂದರೆ 12 ಮತ ಸಾಕು.

ಮಿನಿಟ್ಸ್ ಪುಸ್ತಕ ತೆರೆದು ನೋಡಿ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದು ಸಾಲು ಮಾತ್ರ ಇದ್ದರೆ ಅದು ಯಾವ ತಪಾಸಣೆಯಲ್ಲೂ ನಿಲ್ಲುವುದಿಲ್ಲ. ಒಟ್ಟು ಸದಸ್ಯರೆಷ್ಟು, ಹಾಜರಿ ಎಷ್ಟು, ಪರ ಎಷ್ಟು, ವಿರೋಧ ಎಷ್ಟು, ಹಳೆಯ ವಾಕ್ಯ ಯಾವುದು, ಹೊಸ ವಾಕ್ಯ ಯಾವುದು ಇವಿಷ್ಟೂ ಇರಬೇಕು, ಅಡಿಯಲ್ಲಿ ಹಾಜರಾದವರ ಸಹಿ ಇರಬೇಕು. ನೋಟಿಸು ಕಳುಹಿಸಿದ ಅಂಚೆ ರಶೀದಿಗಳನ್ನು ಅದೇ ಫೈಲಿನಲ್ಲಿಡಿ. ಹೀಗಿಲ್ಲದಿದ್ದರೆ ಎರಡು ಸಭೆಗಳನ್ನು ಹೊಸದಾಗಿ ಕರೆಯುವುದೇ ಒಳ್ಳೆಯದು. ವರ್ಷದ ಮಹಾಸಭೆ ಮುಗಿದ ಮೇಲೆ 14ನೇ ದಿನದೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡುವುದನ್ನೂ ಮರೆಯಬೇಡಿ. ಆ ಪಟ್ಟಿ ಕೆಲವು ವರ್ಷ ಹೋಗದಿದ್ದರೆ, ಮೆನೇಜರನ್ನು ಆರಿಸಿದ ಸಮಿತಿಯೇ ಸರಿಯಾದದ್ದೋ ಅಲ್ಲವೋ ಎಂಬ ಪ್ರಶ್ನೆ ಏಳುತ್ತದೆ.

ಪ್ರಶ್ನೆ: ಶಾಲೆಯ ಹಿಂಬದಿಯ 2 ಸೆಂಟ್ಸ್ ಜಾಗವನ್ನು ಮೊಬೈಲ್ ಟವರಿಗೆ ಬಾಡಿಗೆಗೆ ಕೊಟ್ಟು ಆ ಹಣವನ್ನು ಶಾಲೆಗೇ ಬಳಸಬಹುದೇ?
— ಮೆನೇಜರ್, ವರ್ಕಾಡಿ

ಉತ್ತರ: ಹಣ ಶಾಲೆಗೇ ಹೋದರೂ ಅದು ಲೀಸೇ. 6ನೇ ಸೆಕ್ಷನಿನ ಅನುಮತಿ ಇಲ್ಲದೆ ಸಹಿ ಹಾಕಬೇಡಿ. ರಸ್ತೆ ಬದಿಗೆ ಅಂಗಡಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುವುದಕ್ಕೂ ಇದೇ ಉತ್ತರ.

ಪ್ರಶ್ನೆ: ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ನಮ್ಮ ಶಾಲೆಯ ಮುಂಭಾಗ ಹೋಯಿತು. ಇದಕ್ಕೂ ಅನುಮತಿ ಬೇಕಿತ್ತೇ?
— ಪಿಟಿಎ (ಅಧ್ಯಾಪಕ-ಹೆತ್ತವರ ಸಂಘ) ಸದಸ್ಯರು, ಉಪ್ಪಳ

ಉತ್ತರ: ಇಲ್ಲ. ಅದು ಮೆನೇಜರ್ ಮಾಡಿದ ಮಾರಾಟವಲ್ಲ, ಕಾನೂನಿನ ಬಲದಿಂದ ಸರಕಾರ ವಶಪಡಿಸಿಕೊಂಡದ್ದು. ಆದರೆ ಉಳಿದ ಜಾಗದ ಅಳತೆ ಮಾಡಿಸಿ ಹೊಸ ನಕ್ಷೆಯನ್ನು ಎಇಒ ಕಚೇರಿಗೆ ಕೊಡಬೇಕು. ಪರಿಹಾರದ ಹಣ ಯಾವ ಖಾತೆಗೆ ಬಂತು, ಆವರಣ ಗೋಡೆಗೆ, ಗೇಟಿಗೆ, ಶೌಚಾಲಯಕ್ಕೆ ಎಷ್ಟು ಖರ್ಚಾಯಿತು ಎಂದು ಪಿಟಿಎ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಗೇಟು ಸರ್ವಿಸ್ ರಸ್ತೆಗೇ ತೆರೆದುಕೊಳ್ಳುವಂತಾಗಿದ್ದರೆ ಜೂನ್‌ಗೆ ಮುಂಚೆ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆಗೆ ಬರುವ ಎಂಜಿನಿಯರರಿಗೆ ತೋರಿಸಿ.

ಪ್ರಶ್ನೆ: ತಂದೆಯವರು ಮೆನೇಜರ್ ಆಗಿದ್ದರು, ತೀರಿಕೊಂಡರು. ನಾವು ಐದು ಮಂದಿ ಮಕ್ಕಳು. ಹಿರಿಯಣ್ಣನೇ ಮೆನೇಜರ್ ಎಂದು ಅವನ ವಾದ. ಇಬ್ಬರು ತಂಗಿಯರು ಒಪ್ಪುತ್ತಿಲ್ಲ. ಆಧಾರವೂ ಹಳೆಯದು, ಕನ್ನಡದಲ್ಲಿದೆ.
— ಓದುಗರು, ಪೆರ್ಲ

ಉತ್ತರ: ಹಿರಿಯ ಮಗನೆಂಬ ಕಾರಣಕ್ಕೆ ಮೆನೇಜರ್ ಸ್ಥಾನ ತಾನಾಗಿ ಬರುವುದಿಲ್ಲ. ಒಡೆತನ ವಾರಸುದಾರರೆಲ್ಲರಿಗೂ ಬರುತ್ತದೆ. ಅವರು ಸೇರಿ ಒಬ್ಬರನ್ನು ಮೆನೇಜರ್ ಎಂದು ಸೂಚಿಸಬೇಕು, ಇಲಾಖೆ ಅಂಗೀಕರಿಸಬೇಕು. ತಹಶೀಲ್ದಾರರಿಂದ ವಾರಸು ಪ್ರಮಾಣಪತ್ರ ಪಡೆಯಿರಿ. ಅದಕ್ಕೆ ಗೆಜೆಟ್ ಪ್ರಕಟಣೆ, ಆಕ್ಷೇಪದ ಅವಧಿ ಎಲ್ಲ ಇರುವುದರಿಂದ ಅರ್ಜಿಯನ್ನು ಈಗಲೇ ಕೊಡಿ. ಒಡೆತನದ ಜಗಳವನ್ನು ಶಿಕ್ಷಣ ಅಧಿಕಾರಿ ತೀರ್ಮಾನಿಸುವುದಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಆದ್ದರಿಂದ ತಂಗಿಯರನ್ನು ಒಪ್ಪಿಸುವ ಒಂದು ದಾರಿಯನ್ನು ಮೊದಲು ನೋಡಿ: ಇಂತಿಷ್ಟು ವರ್ಷ ಅಣ್ಣ, ಆಮೇಲೆ ಇನ್ನೊಬ್ಬರು ಎಂದು ಐವರೂ ಸಹಿ ಹಾಕಿದ ಒಪ್ಪಂದ. ಅದನ್ನು ಮನೆಯ ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ, ಅರ್ಜಿಯ ಜೊತೆ ಇಲಾಖೆಗೆ ಕೊಡಬೇಕು. ಪಾಲುಪಟ್ಟಿ ಮಾಡುವಾಗ ಶಾಲೆಯ ಜಾಗವನ್ನು ಐದು ತುಂಡು ಮಾಡಬೇಡಿ.

ಹಳೆಯ ಆಧಾರದ ವಿಷಯ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆ ಕಾಲದ ಆಧಾರಗಳು ಕನ್ನಡದಲ್ಲಿರುವುದು ಸಹಜ. ಕಷ್ಟ ಕೊಡುವುದು ಭಾಷೆಗಿಂತ ಸರ್ವೆ ನಂಬ್ರ. ರೀಸರ್ವೆ ಆದ ಮೇಲೆ ಭೂತೆರಿಗೆ ರಶೀದಿಯಲ್ಲಿ ಒಂದು ನಂಬ್ರ, ಆಧಾರದಲ್ಲಿ ಇನ್ನೊಂದು ಇದ್ದರೆ ಫೈಲು ವಾಪಸು ಬರುತ್ತದೆ. ಎರಡೂ ಒಂದೇ ಜಾಗ ಎಂಬ ದೃಢೀಕರಣವನ್ನು ಮೊದಲೇ ಪಡೆದು ಸೇರಿಸಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಡಿ ಇಲ್ಲಿನ ಕನ್ನಡಿಗರಿಗಿದೆ, ಅದನ್ನು ಬಿಟ್ಟುಕೊಡಬೇಡಿ. ಫೈಲು ತಿರುವನಂತಪುರಕ್ಕೆ ಹೋಗುವುದಿದ್ದರೆ ಮಲಯಾಳ ಅನುವಾದದ ಪ್ರತಿಯನ್ನೂ ಜೊತೆಗಿಟ್ಟರೆ ಬೇಗ ಚಲಿಸುತ್ತದೆ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಮೊಮ್ಮಗ ಹೋಗುವ ‘ಚಾರ್ಟರ್ ಶಾಲೆ’ ಇನ್ನೊಂದು ಕಡೆ ಹೊಸ ಕಟ್ಟಡ ತೆರೆಯಲು ಹೊರಟಿದೆಯಂತೆ, ಅದಕ್ಕೂ ಒಪ್ಪಿಗೆ ಬೇಕಂತೆ. ನಮ್ಮ ಅನುದಾನಿತ ಶಾಲೆಯ ಹಾಗೆಯೇ ಇದು?
— ನಿವೃತ್ತ ಅಧ್ಯಾಪಕರು, ಹೊಸಂಗಡಿ

ಉತ್ತರ: ಹೋಲಿಕೆ ಇದೆ, ಬುಡ ಬೇರೆ. ಎರಡೂ ಕಡೆ ಹಣ ಸಾರ್ವಜನಿಕರದ್ದು, ನಡೆಸುವವರು ಬೇರೆ. ಅಮೆರಿಕದಲ್ಲಿ ಚಾರ್ಟರ್ ಶಾಲೆಗಳಿಗೆ ಮೊತ್ತಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ, 1991ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯ. ಅಲ್ಲಿ ಶಾಲೆಯ ಅಸ್ತಿತ್ವವೇ ಒಂದು ಚಾರ್ಟರಿನ ಮೇಲೆ, ಅಂದರೆ ಏನು ಕಲಿಸುತ್ತೇವೆ, ಆಡಳಿತ ಮಂಡಳಿ ಹೇಗಿರುತ್ತದೆ, ಲೆಕ್ಕ ತಪಾಸಣೆ ಹೇಗೆ ಎಂದು ಬರೆದುಕೊಟ್ಟ ದಸ್ತಾವೇಜಿನ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಸಾಮಾನ್ಯವಾಗಿ ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಮಂಜೂರು ಮಾಡುತ್ತದೆ. ಮೊದಲ ಮಂಜೂರಾತಿ ಹೆಚ್ಚೆಂದರೆ 5 ವರ್ಷಕ್ಕೆ, ಆಮೇಲೆ ನವೀಕರಣ. ನಮ್ಮಲ್ಲಿ ಅಂಗೀಕಾರಕ್ಕೆ ಹೀಗೆ ಕೊನೆಯ ದಿನಾಂಕವಿಲ್ಲ. ದೊಡ್ಡ ವ್ಯತ್ಯಾಸ ಇದೇ.

ಚಾರ್ಟರಿನ ತಿರುಳಿಗೆ ತಾಗುವ ಬದಲಾವಣೆಯನ್ನು ಮಂಜೂರು ಮಾಡಿದವರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಹೊಸ ಜಾಗದಲ್ಲಿ ಇನ್ನೊಂದು ಕಟ್ಟಡ ತೆರೆಯುವುದು ಅಂಥದ್ದರಲ್ಲಿ ಒಂದು. ಮೊದಲ ಅರ್ಜಿಯನ್ನು ಅಳೆದ ಮಾನದಂಡಗಳಿಂದಲೇ ತಿದ್ದುಪಡಿಯನ್ನೂ ಅಳೆಯುತ್ತಾರೆ, ತೀರ್ಮಾನ ಆಗುವುದು ಸಾರ್ವಜನಿಕ ಸಭೆಯಲ್ಲಿ. ಹಾಗಾಗಿ ನಿಮ್ಮ ಮಗಳು ಆ ಸಭೆಗೆ ಹೋಗಿ ಮಾತಾಡಬಹುದು. ನಮ್ಮ 5ಎ ಅರ್ಜಿಗಳು ಫೈಲಿನೊಳಗೇ ತೀರ್ಮಾನವಾಗುತ್ತವೆ, ಊರವರಿಗೆ ಗೊತ್ತಾಗುವುದು ಬೋರ್ಡು ಬದಲಾದ ಮೇಲೆ. ಈ ಒಂದು ವಿಷಯದಲ್ಲಿ ಅವರ ಪದ್ಧತಿ ನಮ್ಮದಕ್ಕಿಂತ ಚೆನ್ನಾಗಿದೆ ಎಂದೇ ನಮ್ಮ ಅಭಿಪ್ರಾಯ. 2019ರ ಜುಲೈ 1ರಿಂದ ಲಾಭಕ್ಕಾಗಿ ನಡೆಯುವ ಕಂಪೆನಿಗಳು ಅಲ್ಲಿ ಚಾರ್ಟರ್ ಶಾಲೆ ನಡೆಸುವಂತಿಲ್ಲ.

ಪ್ರಶ್ನೆ: ಹೊಸ ಮೆನೇಜ್‌ಮೆಂಟ್ ಬಂದ ಮೇಲೆ ಕನ್ನಡ ವಿಭಾಗವನ್ನು ನಿಲ್ಲಿಸುತ್ತಾರೆ, ಇಲ್ಲವೇ ಶಾಲೆಯನ್ನೇ ಮುಚ್ಚುತ್ತಾರೆ ಎಂಬ ಸುದ್ದಿ ಇದೆ. ಹೆತ್ತವರು ಏನು ಮಾಡಬಹುದು?
— ಒಬ್ಬ ತಾಯಿ, ಕುಂಬಳೆ

ಉತ್ತರ: ಮೆನೇಜರ್ ಬದಲಾದರೆ ಶಾಲೆಯ ಅಂಗೀಕಾರ ಬದಲಾಗುವುದಿಲ್ಲ, ಮಾಧ್ಯಮವೂ ಬದಲಾಗುವುದಿಲ್ಲ. ಆದರೆ ತಾಯೀ, ವಿಭಾಗ ಇಲ್ಲವಾಗುವುದು ಆದೇಶದಿಂದಲ್ಲ, ಸಂಖ್ಯೆಯಿಂದ. ಆರನೇ ಕೆಲಸದ ದಿನ ಹಾಜರಿರುವ ಮಕ್ಕಳ ಲೆಕ್ಕದ ಮೇಲೆ ಆ ವರ್ಷದ ಹುದ್ದೆಗಳು ನಿರ್ಧಾರವಾಗುತ್ತವೆ. ಪ್ರವೇಶದ ಹೊತ್ತಿನಲ್ಲಿ ‘ಕನ್ನಡಕ್ಕೆ ಮಕ್ಕಳಿಲ್ಲ, ಬೇರೆ ಮಾಧ್ಯಮಕ್ಕೆ ಸೇರಿಸಿ’ ಎಂದು ನಾಲ್ಕು ಮನೆಯವರನ್ನು ತಿರುಗಿಸಿದರೆ ಕೆಲಸ ಮುಗಿಯಿತು. ಆದ್ದರಿಂದ ಮೇ ತಿಂಗಳಲ್ಲೇ ಒಂದನೇ ತರಗತಿಗೆ ಬರುವ ಮಕ್ಕಳ ಪಟ್ಟಿ ಮಾಡಿ, ಅರ್ಜಿಯಲ್ಲಿ ‘ಕನ್ನಡ ಮಾಧ್ಯಮ’ ಎಂದು ಬರೆದು, ಪ್ರತಿಗೆ ಮುಖ್ಯೋಪಾಧ್ಯಾಯರ ಸಹಿ ಪಡೆಯಿರಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ, ಮನವಿಯಲ್ಲಿ ಅದನ್ನು ಉಲ್ಲೇಖಿಸಿ. ಆಡಳಿತ ಬದಲಾವಣೆಯ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ, 30 ದಿನದೊಳಗೆ ಉತ್ತರ ಬರಬೇಕು. ಅದರಲ್ಲಿ ಹಾಕಿದ ಶರತ್ತುಗಳನ್ನು ಓದಿ.

ಶಾಲೆ ಮುಚ್ಚುವುದಂತೂ ರಾತ್ರೋರಾತ್ರಿ ಆಗುವ ಕೆಲಸವಲ್ಲ. ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮೆನೇಜರ್ ಒಂದು ವರ್ಷದ ನೋಟಿಸು ಕೊಡಬೇಕು, ಆ ವರ್ಷ ಮೇ 31ಕ್ಕೆ ಮುಗಿಯಬೇಕು. ನೋಟಿಸು ಹೋಗಿದೆಯೇ ಎಂದು ಎಇಒ ಕಚೇರಿಯಲ್ಲಿ ವಿಚಾರಿಸಬಹುದು. ಹೋಗಿದ್ದರೆ ಆ ಒಂದು ವರ್ಷವೇ ನಿಮಗಿರುವ ಕಾಲಾವಕಾಶ. 2016ರಲ್ಲಿ ಕೋಝಿಕ್ಕೋಡಿನ ಮಲಾಪರಂಬ ಎ.ಯು.ಪಿ. ಶಾಲೆಯನ್ನು ಮುಚ್ಚುವ ಹಂತ ಬಂದಾಗ ಊರವರು ಪಟ್ಟು ಹಿಡಿದರು, ಕೊನೆಗೆ ಸರಕಾರವೇ ಶಾಲೆಯನ್ನು ವಹಿಸಿಕೊಳ್ಳಲು ತೀರ್ಮಾನಿಸಿತು. ಅದಕ್ಕೆ ಕಾಯ್ದೆಯ 15ನೇ ಸೆಕ್ಷನಿನಲ್ಲಿ ಅವಕಾಶವಿದೆ: ವಿಧಾನಸಭೆಯ ನಿರ್ಣಯ ಬೇಕು, ಮಾಲಕರಿಗೆ ಪರಿಹಾರವನ್ನೂ ಕೊಡಬೇಕು. ಹಾಗಾಗಿ ನಿಮ್ಮ ಮನವಿಯ ಒಂದು ಪ್ರತಿ ಶಾಸಕರಿಗೂ ಹೋಗಲಿ, ಸ್ವೀಕರಿಸಿದ್ದಕ್ಕೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ.