ತಿರುಗದ ಚೆಂಡಿಗೆ ಉರುಳಿದ ವಿಕೆಟ್‌ಗಳು

ಓದುಗರ ಪತ್ರ, ದಾವಣಗೆರೆಯಿಂದ:

"1987ರಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತ–ಪಾಕಿಸ್ತಾನ ಟೆಸ್ಟಿನ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ವಾದ ನಿಂತಿಲ್ಲ. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತ ಮೇಲೂ ನಾವು ಸೋತದ್ದು ಹೇಗೆ? 221 ಏನು ಮಹಾ ಗುರಿ, ಈಗಿನ ಹುಡುಗರಾಗಿದ್ದರೆ ಒಂದೂವರೆ ಸೆಷನ್ನಿನಲ್ಲಿ ಮುಗಿಸುತ್ತಿದ್ದರು ಎನ್ನುತ್ತಾನೆ ಮಗ. ನಮ್ಮ ಹಳೆಯ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿಯವರೇ ಪಾಕ್ ಬೌಲರ್‌ಗಳಿಗೆ ಗುಟ್ಟು ಹೇಳಿಕೊಟ್ಟರು ಎನ್ನುವುದು ನನ್ನ ಸಿಟ್ಟು. ಹದಿಮೂರರ ಮೊಮ್ಮಗ ಶಾಲೆಯ ತಂಡದಲ್ಲಿ ಎಡಗೈ ಸ್ಪಿನ್ನರ್. ಆ ಪಂದ್ಯದಿಂದ ಅವನು ಕಲಿಯುವಂಥದ್ದು ಏನಾದರೂ ಇದೆಯೇ?"

ಸಂಪಾದಕರ ಉತ್ತರ:

ಹಿರಿಯರೇ, ಮೂರು ತಲೆಮಾರಿನ ವಾದಕ್ಕೆ ಒಂದೇ ಪತ್ರದಲ್ಲಿ ಪಂಚಾಯಿತಿ ಮಾಡಿ ಎಂದಿದ್ದೀರಿ. ಮೊದಲು ಅಂಕಿಗಳನ್ನು ಮುಂದಿಟ್ಟುಕೊಳ್ಳೋಣ. ಐದು ಟೆಸ್ಟ್‌ಗಳ ಸರಣಿ. ಮದ್ರಾಸ್, ಕಲ್ಕತ್ತಾ, ಜೈಪುರ, ಅಹಮದಾಬಾದ್ ನಾಲ್ಕೂ ಡ್ರಾ. ಮಾರ್ಚ್ 13ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಟೆಸ್ಟ್ ಶುರು. ಪಾಕಿಸ್ತಾನ 116, ಭಾರತ 145, ಪಾಕಿಸ್ತಾನ 249, ಭಾರತ 204. ನಡುವಿನ ವಿಶ್ರಾಂತಿ ದಿನ ಕಳೆದು 17ರಂದು ಪಂದ್ಯ ಮುಗಿದಾಗ ನಾವು 16 ರನ್ನಿನಿಂದ ಸೋತಿದ್ದೆವು. ಭಾರತದ ನೆಲದಲ್ಲಿ ಪಾಕಿಸ್ತಾನ ಗೆದ್ದ ಮೊದಲ ಟೆಸ್ಟ್ ಸರಣಿ ಅದು.

ಈ ಸೋಲಿನ ಕಾರಣವನ್ನು ಎಲ್ಲರೂ ಕೊನೆಯ ದಿನದಲ್ಲಿ ಹುಡುಕುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಇರುವುದು ಮಣಿಂದರ್ ಅವರ ಎರಡು ಸಾಲುಗಳ ನಡುವೆ: ಮೊದಲ ಇನಿಂಗ್ಸಿನಲ್ಲಿ 27ಕ್ಕೆ 7, ಎರಡನೆಯದರಲ್ಲಿ 99ಕ್ಕೆ 3. ಪಿಚ್ ಅದೇ, ಕೈಯೂ ಅದೇ. ದಿನ ಕಳೆದಂತೆ ಪಿಚ್ ಇನ್ನಷ್ಟು ಒಡೆದು ತಿರುವು ಹೆಚ್ಚಿತು. ವಿಕೆಟ್ ಮಾತ್ರ ಕಡಿಮೆಯಾಯಿತು. ಯಾಕೆ?

ಒಂದು ಸಣ್ಣ ಅಳತೆ ನೋಡಿ. ನಿಯಮದ ಪ್ರಕಾರ ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ. ನಡುಗೆರೆಯಿಂದ ಅಂಚಿಗೆ 5.4. ಚೆಂಡಿನ ವ್ಯಾಸ ಸುಮಾರು 7.2 ಸೆಂ.ಮೀ., ಅಂದರೆ ಅರ್ಧ 3.6. ಬ್ಯಾಟ್ಸ್‌ಮನ್ ಚೆಂಡಿನ ನೇರಕ್ಕೆ ಬ್ಯಾಟಿನ ನಡುಭಾಗವನ್ನು ತಂದಿದ್ದಾನೆ ಎಂದುಕೊಳ್ಳಿ. ನೆಲಕ್ಕೆ ಬಿದ್ದ ಮೇಲೆ ಚೆಂಡು 5 ಸೆಂ.ಮೀ. ತಿರುಗಿದರೆ ಬ್ಯಾಟಿಗೇ ಬಡಿಯುತ್ತದೆ. ಐದೂವರೆಯಿಂದ ಒಂಬತ್ತರ ಒಳಗೆ ತಿರುಗಿದರೆ ಅಂಚು ಸವರಿ ಸ್ಲಿಪ್‌ಗೋ ಕೀಪರ್‌ಗೋ ಹೋಗುತ್ತದೆ. ಒಂಬತ್ತು ದಾಟಿತೋ, ಏನನ್ನೂ ಮುಟ್ಟದೆ ಹೋಗುತ್ತದೆ. ಹದಿನೈದು ಸೆಂ.ಮೀ. ತಿರುಗಿದ ಎಸೆತಕ್ಕೆ ಗ್ಯಾಲರಿ "ಓಹ್" ಎನ್ನುತ್ತದೆ, ಬೌಲರ್ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಬ್ಯಾಟ್ಸ್‌ಮನ್ ಗ್ಲೌಸ್ ಸರಿಮಾಡಿಕೊಂಡು ಮುಂದಿನ ಎಸೆತಕ್ಕೆ ನಿಲ್ಲುತ್ತಾನೆ. ವಿಕೆಟ್ ತರುವ ತಿರುವಿನ ಪಟ್ಟಿ ನಾಲ್ಕು ಬೆರಳಿನಷ್ಟೂ ಅಗಲವಿಲ್ಲ.

ಮೊದಲ ದಿನ ಮಣಿಂದರ್ ಆ ಪಟ್ಟಿಯೊಳಗೇ ಇದ್ದರು. ಮೇಲ್ಪದರ ಆಗಷ್ಟೇ ಬಿಡತೊಡಗಿತ್ತು, ಬ್ಯಾಟ್ಸ್‌ಮನ್‌ಗಳಿಗೆ ಎಷ್ಟು ತಿರುಗೀತು ಎಂಬ ಅಂದಾಜಿರಲಿಲ್ಲ. ಎರಡನೇ ಇನಿಂಗ್ಸಿನ ಹೊತ್ತಿಗೆ ಪಿಚ್ ತಾನೇ ಕೆಲಸ ಮಾಡುತ್ತಿತ್ತು. ಅದರ ಮೇಲೆ ಬೆರಳನ್ನೂ ಪೂರ್ತಿ ಸುತ್ತಿದರೆ ಚೆಂಡು ಬ್ಯಾಟನ್ನೂ ಸ್ಟಂಪನ್ನೂ ದಾಟಿ ಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಹೊಲಿಗೆ ನೇರ ನಿಂತು ಸುತ್ತುವ ಚೆಂಡು ಪ್ರತಿಸಲವೂ ಹೊಲಿಗೆಯ ಮೇಲೆಯೇ ಬೀಳುತ್ತದೆ, ಪ್ರತಿಸಲವೂ ಒಂದೇ ಬಗೆಯಲ್ಲಿ ತಿರುಗುತ್ತದೆ. ಬ್ಯಾಟ್ಸ್‌ಮನ್‌ಗೆ ಅದು ಅಭ್ಯಾಸವಾಗಿಬಿಡುತ್ತದೆ.

ಈಗ ಆ ಕಡೆ ನೋಡಿ. ಪಾಕಿಸ್ತಾನ ಅಬ್ದುಲ್ ಖಾದಿರ್ ಅವರಂಥ ಲೆಗ್ ಸ್ಪಿನ್ನರನ್ನು ಹೊರಗಿಟ್ಟು ಎಡಗೈ ಸ್ಪಿನ್ನರ್ ಇಕ್ಬಾಲ್ ಖಾಸಿಂ ಅವರನ್ನು ಆಡಿಸಿತು. ಜೊತೆಗೆ ಆಫ್ ಸ್ಪಿನ್ನರ್ ತೌಸೀಫ್ ಅಹ್ಮದ್. ಮೊದಲ ಇನಿಂಗ್ಸಿನಲ್ಲಿ ಖಾಸಿಂ 48ಕ್ಕೆ 5, ತೌಸೀಫ್ 54ಕ್ಕೆ 5. ಎರಡನೆಯದರಲ್ಲಿ ಖಾಸಿಂ 73ಕ್ಕೆ 4, ತೌಸೀಫ್ 85ಕ್ಕೆ 4. ನಮ್ಮ ಇಪ್ಪತ್ತು ವಿಕೆಟ್‌ಗಳಲ್ಲಿ ಹದಿನೆಂಟು ಈ ಇಬ್ಬರಿಗೇ ಹೋದವು. ದೊಡ್ಡ ತಿರುವಿಗೆ ಇಬ್ಬರೂ ಹೆಸರಾದವರಲ್ಲ. ಖಾಸಿಂ ಅವರದು ಚಪ್ಪಟೆ ಎಸೆತ, ಸ್ವಲ್ಪ ವೇಗ, ಸ್ಟಂಪಿಗೆ ಗುರಿ. ಹೊಲಿಗೆಯನ್ನು ತುಸು ವಾಲಿಸಿ ಬಿಟ್ಟರೆ ಒಂದು ಎಸೆತ ಹೊಲಿಗೆಯ ಮೇಲೆ ಬಿದ್ದು ತಿರುಗುತ್ತದೆ, ಮುಂದಿನದು ಚರ್ಮದ ಮೇಲೆ ಬಿದ್ದು ಜಾರಿ ನೇರ ಬರುತ್ತದೆ. ಯಾವುದು ಯಾವಾಗ ಎಂದು ಬೌಲರ್‌ಗೇ ಗೊತ್ತಿರುವುದಿಲ್ಲ. ಕೈ ನೋಡಿ ಓದುವ ಬ್ಯಾಟ್ಸ್‌ಮನ್‌ಗೆ ಹೇಗೆ ಗೊತ್ತಾಗಬೇಕು?

ವೇಗದ ಲೆಕ್ಕವೂ ಇಲ್ಲೇ ಬರುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಚೆಂಡು ಕೈಬಿಟ್ಟು ಬ್ಯಾಟ್ ತಲುಪಲು ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, 90 ದಾಟಿದರೆ ಮುಕ್ಕಾಲಿಗಿಂತ ಕಡಿಮೆ. ಆ ವ್ಯತ್ಯಾಸದಲ್ಲಿ ಬ್ಯಾಟ್ಸ್‌ಮನ್ ಕಳೆದುಕೊಳ್ಳುವುದು ಹಿಂದೆ ಸರಿದು ಆಡುವ ಅವಕಾಶ. ಚೆಂಡು ಅವನಿಂದ ನಾಲ್ಕು ಮೀಟರ್ ಒಳಗೆ ಬಿದ್ದರೆ, ತಿರುಗಿದ್ದನ್ನು ನೋಡಿ ಬ್ಯಾಟ್ ಸರಿಪಡಿಸಿಕೊಳ್ಳುವಷ್ಟು ಹೊತ್ತು ಮನುಷ್ಯನ ಕಣ್ಣು–ಕೈಗೆ ಸಿಗುವುದೇ ಇಲ್ಲ.

ಇನ್ನು ಬೇಡಿಯವರ ವಿಷಯ. ಈ ಪಿಚ್ಚಿನಲ್ಲಿ ಚೆಂಡನ್ನು ಹೆಚ್ಚು ತಿರುಗಿಸಲು ಹೋಗಬೇಡಿ, ನೇರ ಹಾಕಿ, ಉಳಿದದ್ದನ್ನು ನೆಲ ನೋಡಿಕೊಳ್ಳುತ್ತದೆ ಎಂದು ಅವರು ಪಂದ್ಯದ ನಡುವೆ ಪಾಕ್ ಸ್ಪಿನ್ನರ್‌ಗಳಿಗೆ ಹೇಳಿದ ಕತೆ ಎರಡೂ ದೇಶಗಳಲ್ಲಿ ಓಡಾಡುತ್ತದೆ. ಹೇಳಿದ್ದರೂ ನಿಮ್ಮ ಸಿಟ್ಟಿಗೆ ನಾವು ಜೊತೆಯಾಗುವುದಿಲ್ಲ. ಕಸುಬು ಗೊತ್ತಿರುವ ಯಾವ ಸ್ಪಿನ್ನರ್‌ಗೂ ಇದು ಗುಟ್ಟಲ್ಲ. ಖಾಸಿಂ ಆ ಹೊತ್ತಿಗೆ ಹತ್ತು ವರ್ಷ ಟೆಸ್ಟ್ ಕ್ರಿಕೆಟ್ ಕಂಡವರು. ಅದೇ ಮಾತು ನಮ್ಮ ಡ್ರೆಸ್ಸಿಂಗ್ ರೂಮಿಗೂ ಬೇಕಾಗಿತ್ತು ಎಂದು ಸಿಟ್ಟಾಗುವುದಾದರೆ, ಅದು ಬೇರೆ ವಿಷಯ.

ಪಾಕಿಸ್ತಾನದ ಎರಡನೇ ಇನಿಂಗ್ಸನ್ನು ಯಾರೂ ನೆನೆಯುವುದಿಲ್ಲ, ನಮ್ಮ ಮಟ್ಟಿಗೆ ಪಂದ್ಯ ಹೋದದ್ದು ಅಲ್ಲೇ. 29 ರನ್ ಹಿಂದಿದ್ದ ತಂಡಕ್ಕೆ ರಮೀಜ್ ರಾಜಾ 47, ಇಮ್ರಾನ್ ಖಾನ್ 39 ರನ್ ಕೊಟ್ಟರು. ಇಮ್ರಾನ್ ಮಾಡಿದ ಇನ್ನೊಂದು ಕೆಲಸವೆಂದರೆ ಬಾಲಂಗೋಚಿ ಖಾಸಿಂ ಅವರನ್ನು ಮೇಲಿನ ಕ್ರಮಾಂಕಕ್ಕೆ ಕಳಿಸಿದ್ದು. ಖಾಸಿಂ ಎಡಗೈ ಬ್ಯಾಟ್ಸ್‌ಮನ್. ಮಣಿಂದರ್, ರವಿ ಶಾಸ್ತ್ರಿ ಇಬ್ಬರೂ ಎಡಗೈ ಸ್ಪಿನ್ನರ್‌ಗಳಾದ್ದರಿಂದ ಬಲಗೈಯವರಿಂದ ಆಚೆ ಹೋಗುವ ಚೆಂಡು ಖಾಸಿಂ ಅವರಿಗೆ ಒಳಕ್ಕೆ ಬರುತ್ತದೆ, ತಿರುವಿನ ಜೊತೆಗೇ ಲೆಗ್ ಸೈಡಿಗೆ ತಳ್ಳಬಹುದು. ಆಚೆ ತಿರುಗಿಸಬಲ್ಲವರು ಶಿವಲಾಲ್ ಯಾದವ್ ಒಬ್ಬರೇ. ಖಾಸಿಂ ಗಳಿಸಿದ್ದು 26. ಸಣ್ಣ ಸಂಖ್ಯೆ, ಆದರೆ ಸೋಲಿನ ಅಂತರಕ್ಕಿಂತ ಹತ್ತು ಹೆಚ್ಚು.

ಅದಕ್ಕಿಂತ ದುಬಾರಿಯಾದದ್ದು ಒಂಬತ್ತನೇ ವಿಕೆಟ್. ಕೀಪರ್ ಸಲೀಂ ಯೂಸುಫ್ ಮತ್ತು ತೌಸೀಫ್ ಸೇರಿ 51 ರನ್ ಕೂಡಿಸಿದರು. ಯೂಸುಫ್ ಅಜೇಯ 41. ಶಾಸ್ತ್ರಿ 69ಕ್ಕೆ 4 ವಿಕೆಟ್ ಪಡೆದರು, ಬಿಗಿಯಾಗಿಯೇ ಹಾಕಿದರು. ಆದರೆ ಸ್ಪಿನ್ ಪಿಚ್ಚಿನಲ್ಲಿ ಬಾಲಂಗೋಚಿಗಳ ಸುತ್ತ ಆರು ಜನರನ್ನು ನಿಲ್ಲಿಸಿದಾಗ ಆಗುವುದೇ ಇದು. ಕೈಬೀಸಿದ ಚೆಂಡು ಅವರ ತಲೆ ದಾಟಿದರೆ ಹಿಡಿಯುವವರಿಲ್ಲ. ಒಂದು ರನ್ ಉಳಿಸುವ ಇಬ್ಬರನ್ನು ಅರ್ಧ ದೂರದಲ್ಲಿಟ್ಟು, ಸ್ಲಿಪ್ ಮತ್ತು ಒಬ್ಬ ಹತ್ತಿರದ ಕ್ಯಾಚರ್ ಸಾಕು ಎಂದು ಎಸೆತವನ್ನು ಸ್ಟಂಪಿನ ನೇರಕ್ಕೆ ಕಟ್ಟಿಹಾಕಿದರೆ ಬಾಲಂಗೋಚಿ ತಾನಾಗಿ ತಪ್ಪು ಮಾಡುತ್ತಾನೆ. ತಿರುಗಿಸಿ ಕೀಳುತ್ತೇನೆ ಎಂದು ಹೊರಟರೆ ಅವನ ಬ್ಯಾಟಿಗೆ ಸಿಗುವಷ್ಟೂ ಹತ್ತಿರಕ್ಕೆ ಚೆಂಡು ಬರುವುದಿಲ್ಲ. ಬಲ್ಲ ಬ್ಯಾಟ್ಸ್‌ಮನ್ ಅಂಚು ಕೊಡುವ ಎಸೆತಕ್ಕೆ ಒಂಬತ್ತನೇ ಕ್ರಮಾಂಕದವನು ಅರ್ಧ ಅಡಿ ಆಚೆ ಬ್ಯಾಟ್ ಬೀಸಿ ಉಳಿದುಕೊಳ್ಳುತ್ತಾನೆ.

ಹೀಗೆ ಗುರಿ 221. ವಾಸಿಂ ಅಕ್ರಮ್ ಹೊಸ ಚೆಂಡಿನಲ್ಲಿ ಶ್ರೀಕಾಂತ್ ಮತ್ತು ಅಮರನಾಥ್ ಇಬ್ಬರನ್ನೂ 15 ರನ್ನಾಗುವಷ್ಟರಲ್ಲಿ ಕಿತ್ತರು. ಮೂರನೇ ದಿನದ ಕೊನೆಗೆ 4 ವಿಕೆಟ್‌ಗೆ 99. ಮತ್ತೊಂದು ಬದಿಯಲ್ಲಿ ಸುನಿಲ್ ಗಾವಸ್ಕರ್. ಹಿಂದಿನ ಟೆಸ್ಟಿನಲ್ಲಷ್ಟೇ, ಅಹಮದಾಬಾದಿನಲ್ಲಿ, ಹತ್ತು ಸಾವಿರ ರನ್ ದಾಟಿದ ಮೊದಲಿಗರಾಗಿದ್ದರು.

ಗಾವಸ್ಕರ್ ಅಲ್ಲಿ ಗಳಿಸಿದ 96 ರನ್ನನ್ನು ನಿಮ್ಮ ಮಗನಿಗೆ ವಿಡಿಯೊ ಸಿಕ್ಕಷ್ಟು ತೋರಿಸಿ, ಕಾಲುಗಳನ್ನೇ ನೋಡಲು ಹೇಳಿ. ಪೂರ್ತಿ ಮುಂದೆ ಬಂದು ಚೆಂಡು ಬಿದ್ದಲ್ಲೇ ಮುಚ್ಚುವುದು, ಇಲ್ಲವೇ ಪೂರ್ತಿ ಹಿಂದೆ ಸರಿದು ತಿರುವು ಮುಗಿದ ಮೇಲೆ ಆಡುವುದು. ಅರ್ಧಕ್ಕೆ ಅಡಿಯಿಟ್ಟು ನಿಂತವನೇ ಸಿಕ್ಕಿಬೀಳುವುದು. ಬ್ಯಾಟಿನ ಹಿಡಿತ ಸಡಿಲ, ಅಂಚಿಗೆ ತಾಗಿದರೂ ಚೆಂಡು ಬ್ಯಾಟಿಗೆ ಹತ್ತಿರ ನಿಂತ ಸಿಲ್ಲಿ ಪಾಯಿಂಟಿನವನ ಮುಂದೆಯೇ ಸತ್ತು ಬೀಳಬೇಕು. ಮತ್ತೆ, ತಿರುಗಿ ಆಚೆ ಹೊರಟ ಚೆಂಡಿನ ಬೆನ್ನು ಹತ್ತಬಾರದು. ಮೊದಲ ನೇರಕ್ಕೆ ಆಡಿ, ತಪ್ಪಿದರೆ ತಪ್ಪಲಿ ಎಂದು ಬಿಡಬೇಕು. ಮೇಲಿನ ಅಳತೆಯ ಪಟ್ಟಿಗೆ ಬ್ಯಾಟ್ಸ್‌ಮನ್ ಕೊಡುವ ಉತ್ತರ ಇದು. ಗಾವಸ್ಕರ್ 264 ಎಸೆತ, ಐದು ಗಂಟೆಗೂ ಮೀರಿ ಹೀಗೆ ಆಡಿದರು. ಅಜರುದ್ದೀನ್ ಅವರ 26 ಬಿಟ್ಟರೆ 20 ಮುಟ್ಟಿದ ಇನ್ನೊಬ್ಬರಿಲ್ಲ. ಕೊನೆಗೆ ಖಾಸಿಂ ಅವರ ಎಸೆತವೊಂದು ನೆಗೆದೆದ್ದು ಸ್ಲಿಪ್ಪಿನಲ್ಲಿ ರಿಜ್ವಾನ್–ಉಜ್–ಜಮಾನ್ ಕೈಸೇರಿದಾಗ ಮೊತ್ತ 180, ಬೇಕಿದ್ದದ್ದು 41. ಅದೇ ಗಾವಸ್ಕರ್ ಅವರ ಕೊನೆಯ ಟೆಸ್ಟ್ ಇನಿಂಗ್ಸ್ ಆಯಿತು. ನಮ್ಮ ರೋಜರ್ ಬಿನ್ನಿ 15 ರನ್ ಸೇರಿಸಿ ಆಸೆ ಹುಟ್ಟಿಸಿದರು. ತೌಸೀಫ್ ಎಸೆತದಲ್ಲಿ ಅವರ ಕ್ಯಾಚನ್ನು ಯೂಸುಫ್ ಹಿಡಿದಾಗ ಮೊತ್ತ 204.

ಈಗಿನ ಹುಡುಗರಾಗಿದ್ದರೆ ಬೇಗ ಮುಗಿಸುತ್ತಿದ್ದರು ಎಂಬ ಮಾತಿಗೆ ಅರ್ಧ ತಲೆದೂಗುತ್ತೇವೆ. ಸ್ವೀಪ್, ರಿವರ್ಸ್ ಸ್ವೀಪ್ ಆಡಿ ಬೌಲರನ ಲೆಂಗ್ತ್ ಕೆಡಿಸುವ ಧೈರ್ಯ ಆಗ ಕಡಿಮೆ ಇತ್ತು, ನಿಜ. ಆದರೆ ಒಂದು ಚೆಂಡು ಮೊಣಕಾಲಿಗೂ ಇನ್ನೊಂದು ಎದೆಗೂ ಏಳುವ ಪಿಚ್ಚಿನಲ್ಲಿ ಅಡ್ಡಬ್ಯಾಟ್ ಬೀಸುವುದು ಜೂಜು. ಮಗ ಮರೆತ ಇನ್ನೊಂದು ವಿಷಯ ಡಿಆರ್‌ಎಸ್, ಅಂದರೆ ಅಂಪೈರ್ ತೀರ್ಪನ್ನು ಪರದೆಯಲ್ಲಿ ಮರುಪರಿಶೀಲಿಸುವ ವ್ಯವಸ್ಥೆ. 1987ರಲ್ಲಿ ಮುಂಗಾಲನ್ನು ದೂರ ಚಾಚಿ ಪ್ಯಾಡಿನಲ್ಲಿ ತಡೆದರೆ ಅಂಪೈರ್‌ಗಳು ಬೆರಳು ಎತ್ತುವುದು ಅಪರೂಪ, ಅನುಮಾನದ ಲಾಭ ಬ್ಯಾಟ್ಸ್‌ಮನ್‌ಗೆ. ಇವತ್ತು ಅಂಥ ಎಸೆತಗಳಲ್ಲಿ ಎಷ್ಟೋ ಸ್ಟಂಪಿಗೆ ಬಡಿಯುತ್ತಿದ್ದವು ಎಂದು ಪರದೆ ತೋರಿಸಿಬಿಡುತ್ತದೆ. ನೇರ ಹಾಕುವ ಖಾಸಿಂ, ಒಳಕ್ಕೆ ತಿರುಗಿಸುವ ತೌಸೀಫ್ ಇಬ್ಬರಿಗೂ ಡಿಆರ್‌ಎಸ್ ಇದ್ದಿದ್ದರೆ ನಾವು 204 ಕೂಡ ಮುಟ್ಟುತ್ತಿದ್ದೆವೋ ಇಲ್ಲವೋ. (ಅಂದಹಾಗೆ, ಚಿನ್ನಸ್ವಾಮಿಯಲ್ಲಿ ನಾವು ಪಾಕಿಸ್ತಾನವನ್ನು ಟೆಸ್ಟಿನಲ್ಲಿ ಸೋಲಿಸಿಯೇ ಇಲ್ಲ. 1979, 1983, 2007 ಡ್ರಾ, 1987 ಮತ್ತು 2005 ಸೋಲು.)

ಮೊಮ್ಮಗನ ಪ್ರಶ್ನೆಗೆ ಬರೋಣ, ನಮಗೆ ಇಷ್ಟವಾದದ್ದು ಅದೇ. ಇಷ್ಟೆಲ್ಲ ಓದಿ ಅವನಿಗೆ ನಾಳೆಯಿಂದಲೇ ಚಪ್ಪಟೆ ಹಾಕಲು ಹೇಳಬೇಡಿ. ಹದಿಮೂರಕ್ಕೆ ಕಲಿಯಬೇಕಾದ್ದು ಚೆಂಡನ್ನು ಜೋರಾಗಿ ಸುತ್ತುವುದು ಮತ್ತು ಬ್ಯಾಟ್ಸ್‌ಮನ್ ಕಣ್ಣಿನ ಮಟ್ಟಕ್ಕಿಂತ ಮೇಲಕ್ಕೆ ತೇಲಿಸುವುದು. ತಿರುಗದ ಪಿಚ್ಚಿನಲ್ಲಿ ಚಪ್ಪಟೆ ಎಸೆತ ಬರೀ ಹೊಡೆಸಿಕೊಳ್ಳುವ ಎಸೆತ. ಖಾಸಿಂ ನೇರ ಹಾಕಿ ಗೆದ್ದದ್ದು ವರ್ಷಗಟ್ಟಲೆ ಕಲಿತ ನಿಯಂತ್ರಣ ಕೈಯಲ್ಲಿದ್ದುದರಿಂದ.

ಅವನು ಈಗಲೇ ಮಾಡಬಹುದಾದ ಅಭ್ಯಾಸವೊಂದಿದೆ. ಬ್ಯಾಟ್ಸ್‌ಮನ್ ತುದಿಯ ಸ್ಟಂಪಿನಿಂದ ಮೂರೂವರೆ ಮೀಟರ್ ದೂರದಲ್ಲಿ, ಮಿಡಲ್ ಮತ್ತು ಆಫ್ ಸ್ಟಂಪಿನ ನೇರಕ್ಕೆ, ಮಡಿಸಿದ ದಿನಪತ್ರಿಕೆಯೊಂದನ್ನು ಹಾಸಿ ನಾಲ್ಕು ಮೂಲೆಗೂ ಕಲ್ಲಿಡದೆ ಮಣ್ಣು ಸುರಿಯಿರಿ. ಕಲ್ಲಿಗೆ ಬಡಿದ ಚೆಂಡು ಮುಖಕ್ಕೆ ಏಳುತ್ತದೆ. ಆರು ಎಸೆತದಲ್ಲಿ ಎಷ್ಟು ಅದರ ಮೇಲೆ ಬಿದ್ದವು ಎಂಬುದರ ಜೊತೆಗೆ, ಬಿದ್ದವುಗಳಲ್ಲಿ ಎಷ್ಟು ಆಫ್ ಸ್ಟಂಪಿನಿಂದ ಗೇಣಿನೊಳಗೆ ಹೋದವು ಎಂದೂ ಬರೆದಿಡಲಿ. ಮೂರು ಬಂದರೆ ಒಳ್ಳೆಯದು. ಮೂರೂ ಗೇಣು ದಾಟಿ ತಿರುಗುತ್ತಿದ್ದರೆ ಬೆರಳಿನ ಸುತ್ತನ್ನು ಕಡಿಮೆ ಮಾಡುವುದು ಬೇಡ, ಬೀಳುವ ಜಾಗವನ್ನು ಲೆಗ್ ಸ್ಟಂಪಿನ ಕಡೆಗೆ ಒಂದು ಚೆಂಡಿನಷ್ಟು ಸರಿಸಲಿ. ಅದಾದ ಮೇಲೆ ಅದೇ ಹಿಡಿತ, ಅದೇ ಓಟದಲ್ಲಿ ಹೊಲಿಗೆಯನ್ನು ಮಾತ್ರ ವಾಲಿಸಿ ಓವರಿಗೆ ಒಂದು ಎಸೆತ ಹಾಕಲಿ. ತೋಳು ತಗ್ಗಿಸಿದರೆ ಬ್ಯಾಟ್ಸ್‌ಮನ್‌ಗೆ ಮೊದಲೇ ತಿಳಿಯುತ್ತದೆ.

ನಿಮ್ಮ ಕಡೆಯ ಶಾಲಾ ಮೈದಾನಗಳಲ್ಲಿ ಹೆಚ್ಚಾಗಿ ಮ್ಯಾಟ್ ಹಾಸಿ ಆಡುವುದರಿಂದ ಒಂದು ಎಚ್ಚರಿಕೆ. ಮ್ಯಾಟ್ ಚೆಂಡನ್ನು ಹಿಡಿದು ತಿರುಗಿಸುತ್ತದೆ, ಹುಡುಗನಿಗೆ ತಾನೇ ತಿರುಗಿಸಿದೆ ಅನ್ನಿಸುತ್ತದೆ. ವಾರಕ್ಕೆ ಒಂದು ದಿನವಾದರೂ ಕಾಂಕ್ರೀಟ್ ಪಿಚ್ಚಿನಲ್ಲಿ, ಹಳೆಯ ಚೆಂಡಿನಲ್ಲಿ ಹಾಕಿಸಿ. ಮ್ಯಾಟಿನ ಮೇಲೆ ಆಡುವ ದಿನ ಅಂಚಿನ ಮೊಳೆಗಳು ಬಿಗಿಯಾಗಿವೆಯೇ ಎಂದು ಮೊದಲು ನೋಡಿಸಿ.